ರಿವಾಲ್ವರ್ ಒಂದು, ಗುರುಗಳ ಮಾತು ಹತ್ತು

ಕಾಸರಗೋಡಿನ ಅಡಿಕೆ ತೋಟದ ಮನೆಗಳಲ್ಲಿ ಲೈಸನ್ಸಿನ ಕೋವಿ ಎಂದರೆ ಬಹುಮಟ್ಟಿಗೆ ಹಂದಿಗೆಂದು ಇಟ್ಟ ಒಂಟಿನಳಿಗೆ, ಇಲ್ಲವೇ ಜೋಡುನಳಿಗೆ. ಆತ್ಮರಕ್ಷಣೆಗೆಂದು ರಿವಾಲ್ವರ್ ಇಟ್ಟುಕೊಂಡವರು ಕಡಿಮೆ. ಅದೂ ಸಾಮಾನ್ಯವಾಗಿ .32 ಬೋರಿನದು (ಬೋರ್ ಎಂದರೆ ನಳಿಗೆಯ ಒಳ ಅಗಲ), ಏಕೆಂದರೆ 9 ಎಂ.ಎಂ. ನಮ್ಮಲ್ಲಿ ನಿಷೇಧಿತ ಬೋರ್. ಮೊಬೈಲಿನಲ್ಲಿ ಸಿಗುವ ತರಬೇತಿ ವಿಡಿಯೊಗಳೋ ಹೆಚ್ಚಾಗಿ ಅಮೆರಿಕದ 9 ಎಂ.ಎಂ. ಪಿಸ್ತೂಲಿನವು. ಗೊಂದಲ ಹುಟ್ಟುವುದೇ ಇಲ್ಲಿ.

ಹೆಬ್ಬೆರಳನ್ನೇ ನೋಡಿ. ಪಿಸ್ತೂಲಿನ ಗುರು ಎರಡೂ ಹೆಬ್ಬೆರಳನ್ನು ನಳಿಗೆಯ ದಿಕ್ಕಿಗೆ ಮುಂದೆ ಚಾಚಿಸುತ್ತಾರೆ. ರಿವಾಲ್ವರಿನಲ್ಲಿ ಹಾಗೆ ಚಾಚಿದರೆ ಬೆರಳು ತೋಟೆ ತುಂಬುವ ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದಿಯ ಪಕ್ಕಕ್ಕೆ ಬರುತ್ತದೆ. ಈಡಾದಾಗ ಆ ಸಂದಿಯಿಂದ ಚಿಮ್ಮುವ ಬಿಸಿ ಅನಿಲ ಚರ್ಮ ಸುಡುತ್ತದೆ, ಸೀಳಲೂಬಹುದು. ರಿವಾಲ್ವರಿಗೆ ಹೆಬ್ಬೆರಳುಗಳನ್ನು ಕೆಳಗೆ ಮಡಚಿ, ಒಂದರ ಮೇಲೊಂದು ಒತ್ತಿ ಹಿಡಿಯಬೇಕು. ಇದನ್ನೇ ಪಿಸ್ತೂಲಿಗೆ ತಂದು, ಹೆಬ್ಬೆರಳನ್ನು ಹಿಂಬದಿಯಲ್ಲಿ ಅಡ್ಡ ಹಾಕಿದಿರೋ, ಈಡಾದಾಗ ಹಿಂದಕ್ಕೆ ಜಾರುವ ಮೇಲ್ಭಾಗ, ಅಂದರೆ ಸ್ಲೈಡ್, ಗೀರುತ್ತದೆ. ಇಬ್ಬರು ಗುರುಗಳೂ ಹೇಳಿದ್ದು ಸರಿ, ಅವರ ಕೈಯಲ್ಲಿದ್ದ ಆಯುಧ ಬೇರೆ. ಯಾರ ಪಾಠ ಕೇಳುವ ಮೊದಲೂ ಯಾವ ಆಯುಧ, ಎಷ್ಟು ದೂರ ಎಂದು ಕೇಳಿಕೊಳ್ಳಿ.

ಗುರಿಯ ವಿಷಯದಲ್ಲೂ ಇದೇ ಕಥೆ. ಶಾಂಘೈ ಪೊಲೀಸಿನಲ್ಲಿದ್ದ ಫೇರ್‌ಬೇರ್ನ್ ಮತ್ತು ಸೈಕ್ಸ್ ಕಲಿಸಿದ್ದು ಎದುರೆದುರೇ ಸಿಕ್ಕವನಿಗೆ ಸೈಟ್ (ಗುರಿ ಹಿಡಿಯಲು ನಳಿಗೆಯ ಮೇಲಿರುವ ಗುರುತು) ನೋಡದೆ, ಬೊಟ್ಟು ಮಾಡಿ ತೋರಿಸಿದಂತೆ ಹೊಡೆಯುವುದನ್ನು. 1976ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಪಿಸ್ತೂಲಿನ ಶಾಲೆ ತೆರೆದ ಜೆಫ್ ಕೂಪರ್ ಸೈಟ್ ಬಿಡಬೇಡಿ ಎಂದರು. ನಮ್ಮ ಅಭಿಪ್ರಾಯದಲ್ಲಿ ಮೊದಲು ಸೈಟ್ ಕಲಿಯಬೇಕು. ಆಯುಧವನ್ನು ಸಾವಿರ ಸಲ ಕಣ್ಣಿನ ಮಟ್ಟಕ್ಕೆ ಸರಿಯಾಗಿ ಎತ್ತಿದ ಕೈಗೆ 3 ಮೀಟರಿನಲ್ಲಿ ಬೊಟ್ಟು ಮಾಡುವುದು ತಾನಾಗಿ ಬರುತ್ತದೆ. ತಿರುಗುಮುರುಗಾಗಿ ಬರುವುದಿಲ್ಲ. ನಿಲ್ಲುವ ಭಂಗಿಯ ಜಗಳಕ್ಕೆ ಅಷ್ಟು ಬೆಲೆ ಕೊಡಬೇಕಾಗಿಲ್ಲ. ಮೊಣಕಾಲು ತುಸು ಬಗ್ಗಿ, ಭಾರ ಪಾದದ ಮುಂಭಾಗದಲ್ಲಿದ್ದರೆ ಸಾಕು.

ಅಭ್ಯಾಸದ ಬಹುಪಾಲು ಖಾಲಿ ಆಯುಧದಲ್ಲೇ ನಡೆಯಬೇಕು. ತೋಟೆಗಳನ್ನು ತೆಗೆದು, ಎಣಿಸಿ, ಬೇರೆ ಕೋಣೆಯಲ್ಲಿಟ್ಟು ಬನ್ನಿ. ಸಿಲಿಂಡರ್ ತೆರೆದು ಆರು ತೂತುಗಳನ್ನೂ ಕಿರುಬೆರಳಿನಿಂದ ಮುಟ್ಟಿ ನೋಡಿ, ಕಣ್ಣನ್ನು ಮಾತ್ರ ನಂಬಬೇಡಿ. ಆಚೆ ಬದಿಯಲ್ಲಿ ಯಾರೂ ಇಲ್ಲದ ಮುರಕಲ್ಲಿನ ಗೋಡೆಯ ಕಡೆಗೆ ತಿರುಗಿ ನಿಂತು, ಮುಂದಿನ ಸೈಟಿನ ಹಿಂದೆ ನಳಿಗೆಯ ಮೇಲೆ 1 ರೂಪಾಯಿ ನಾಣ್ಯ ಇರಿಸಿ ಕುದುರೆ (ಟ್ರಿಗರ್) ಎಳೆಯಿರಿ. ನಾಣ್ಯ ಬಿದ್ದರೆ ನೀವು ಎಳೆದದ್ದಲ್ಲ, ಜಗ್ಗಿದ್ದು. ಒಮ್ಮೆಗೆ 20 ಸಲ, ವಾರಕ್ಕೆ ಮೂರು ದಿನ ಸಾಕು. ದಣಿದ ಬೆರಳು ತಪ್ಪನ್ನೇ ಕಲಿಯುತ್ತದೆ. ಹಿಂಬದಿಯ ಸುತ್ತಿಗೆಯನ್ನು (ಹ್ಯಾಮರ್) ಹೆಬ್ಬೆರಳಿನಿಂದ ಹಿಂದಕ್ಕೆಳೆದು ಇಟ್ಟುಕೊಂಡು ಅಭ್ಯಾಸ ಮಾಡಬೇಡಿ: ಹಾಗೆಳೆದಾಗ ಹಗುರಾಗುವ ಕುದುರೆ, ನಡುಗುವ ಕೈ, ಇವೆರಡೂ ಸೇರಬಾರದು. .22 ಆಯುಧವನ್ನಂತೂ ಖಾಲಿ ಹೊಡೆಯಲೇಬಾರದು, ತೋಟೆಗೆ ಬಡಿಯುವ ಪಿನ್ನು ತೂತಿನ ಅಂಚಿಗೆ ಬಡಿದು ಕೆಡಬಹುದು.

ನಿಜವಾದ ಈಡು ಅನುಮತಿಯುಳ್ಳ ರೇಂಜಿನಲ್ಲಿ ಮಾತ್ರ, ಕಿವಿ ಮತ್ತು ಕಣ್ಣಿಗೆ ರಕ್ಷಣೆ ಹಾಕಿಕೊಂಡು. ತೋಟದ ಬಾಳೆಗೆ ಹೊಡೆದು ನೋಡುವ ಚಪಲ ಬೇಡ. ಊಟದ ತಟ್ಟೆಯಷ್ಟು ಅಗಲದ ಕಾಗದವನ್ನು 3 ಮೀಟರಿನಲ್ಲಿಟ್ಟು ಐದೈದು ಈಡು ಹೊಡೆಯಿರಿ. ಐದೂ ಒಳಗೆ ಬಿದ್ದ ಮೇಲೆ 5, ಆಮೇಲೆ 7 ಮೀಟರ್. ಬಲಗೈಯವರ ಗುಂಡುಗಳು ಎಡಕ್ಕೆ ಕೆಳಗೆ ಹೋದರೆ, ಸೈಟನ್ನು ಬೈಯಬೇಡಿ. ಸದ್ದಿಗೆ ಮೊದಲೇ ಮಣಿಕಟ್ಟು ಕುಸಿಯುತ್ತಿದೆ. ಸಂಶಯವಿದ್ದರೆ ತರಬೇತುದಾರರ ಕೈಯಲ್ಲಿ ಸಿಲಿಂಡರಿಗೆ ಮೂರು ತೋಟೆ, ಮೂರು ಖಾಲಿ ಕೋಶ (ಈಗಾಗಲೇ ಹೊಡೆದ ತೋಟೆಯ ಕವಚ) ಬೆರೆಸಿ ತುಂಬಿಸಿಕೊಳ್ಳಿ. ಖಾಲಿ ಕೋಶದ ಮೇಲೆ ಸುತ್ತಿಗೆ ಬಿದ್ದಾಗ ನಳಿಗೆಯ ತುದಿ ಗಕ್ಕನೆ ಕೆಳಗೆ ಕುಕ್ಕುವುದು ಎಲ್ಲರಿಗೂ ಕಾಣುತ್ತದೆ.

ಮನೆಯೊಳಗೆ ಮುರಕಲ್ಲಿನ ಗೋಡೆ .32 ಗುಂಡನ್ನು ತಡೆದೀತು, ಹಲಗೆಯ ಬಾಗಿಲು ಮತ್ತು ಪ್ಲೈವುಡ್ ಅಡ್ಡಗೋಡೆ ತಡೆಯವು. ಯಾರು ಎಲ್ಲಿ ಮಲಗುತ್ತಾರೆ ಎಂದು ಹಗಲಿನಲ್ಲೇ ನೋಡಿಟ್ಟುಕೊಳ್ಳಿ. ಸದ್ದು ಕೇಳಿದ ಕೂಡಲೇ ಬೇಕಾದ್ದು ಟಾರ್ಚು, ಚಿಲಕ ಮತ್ತು 112. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 37ನೇ ಕಲಮಿನ ಪ್ರಕಾರ, ಅಧಿಕಾರಿಗಳ ನೆರವು ಪಡೆಯಲು ಸಮಯವಿದ್ದರೆ ಆತ್ಮರಕ್ಷಣೆಯ ಹಕ್ಕಿಲ್ಲ. ಹಕ್ಕಿದ್ದಾಗಲೂ ಅಗತ್ಯಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ.

ಮಳೆಗಾಲದಲ್ಲಿ ಚರ್ಮದ ಒರೆಯಲ್ಲೇ ಬಿಟ್ಟ ತೋಟೆಯ ಹಿತ್ತಾಳೆ ಹಸಿರುಗಟ್ಟಿ, ಸಿಲಿಂಡರಿನಲ್ಲಿ ಕಚ್ಚಿಕೊಳ್ಳುತ್ತದೆ. ತೋಟೆಗೆ ಬಿಗಿ ಮುಚ್ಚಳದ ಡಬ್ಬಿ ಮತ್ತು ಸಿಲಿಕಾ ಜೆಲ್ ಇರಲಿ, ಆಯುಧಕ್ಕೆ ತೆಳ್ಳಗೆ ಎಣ್ಣೆ ಒರೆಸಿ ಬೀಗದೊಳಗಿಡಿ. ಚುನಾವಣೆಯ ಹೊತ್ತಿಗೆ ಠಾಣೆಯಲ್ಲಿ ಠೇವಣಿ ಇಡಬೇಕಾಗಿ ಬಂದರೆ, ರಶೀದಿಯಲ್ಲಿ ಆಯುಧದ ನಂಬರು ಸರಿಯಿದೆಯೇ ನೋಡಿ. ವಾಪಸು ಬಂದದ್ದನ್ನು ಒಮ್ಮೆ ನಳಿಗೆಯಲ್ಲಿ ಕೋಲು ಆಡಿಸದೆ ತುಂಬಬೇಡಿ. ಎರಡು ತಿಂಗಳು ಸುಮ್ಮನಿದ್ದ ನಳಿಗೆಯಲ್ಲಿ ಕಡಜ ಮಣ್ಣಿನ ಗೂಡು ಕಟ್ಟಿದ್ದರೆ, ಮೊದಲ ಈಡಿಗೇ ನಳಿಗೆ ಬಿರಿದೀತು.