‘ಲರ್ನ್’ ಪದದ ಬಳಗವನ್ನು ತರಗತಿಯಲ್ಲಿ ಬಿಡಿಸಿದ ಬಗೆ

ಎಂಟನೆಯ ತರಗತಿಗೆ ಬರುವ ಹೊತ್ತಿಗೆ ‘ಲರ್ನ್’ ಎಂದರೆ ಕಲಿ ಎಂಬುದು ಮಕ್ಕಳಿಗೆ ಗೊತ್ತೇ ಇರುತ್ತದೆ. ತೊಡಕು ಶುರುವಾಗುವುದು ಸಮಾನಾರ್ಥಕ ಪದಗಳಿಂದ. ಗೈಡುಗಳಲ್ಲಿ ಸ್ಟಡಿ, ನೋ, ಮಾಸ್ಟರ್, ಮೆಮೊರೈಸ್, ಡಿಸ್ಕವರ್, ಅಕ್ವೈರ್ ಎಂಬ ಪದಗಳನ್ನೆಲ್ಲ ಅಲ್ಪವಿರಾಮ ಹಾಕಿ ಒಂದೇ ಸಾಲಿನಲ್ಲಿ ಕೊಟ್ಟಿರುತ್ತಾರೆ. ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿದರೂ ನಡೆಯುತ್ತದೆಂದು ಮಕ್ಕಳು ನಂಬಿಬಿಡುತ್ತಾರೆ. ಪೀಟರ್ ಮಾರ್ಕ್ ರೊಜೆ ಎಂಬ ವೈದ್ಯರು 1852ರಲ್ಲಿ ತಮ್ಮ ಪ್ರಸಿದ್ಧ ಪದಕೋಶವನ್ನು ಹೊರತಂದಾಗ ಪದಗಳನ್ನು ಅಕ್ಷರಾನುಕ್ರಮದಲ್ಲಲ್ಲದೆ ಭಾವಾನುಕ್ರಮದಲ್ಲಿ ಜೋಡಿಸಿದ್ದರು ಮತ್ತು ಯಾವ ಪದಕ್ಕೂ ಅರ್ಥವಿವರಣೆ ಕೊಟ್ಟಿರಲಿಲ್ಲ. ಭಾಷೆ ಬಲ್ಲವರಿಗೆ ತಕ್ಕ ಪದ ನೆನಪಾಗಲಿ ಎಂಬುದಕ್ಕಷ್ಟೇ ಹೊಂದುವ ಆ ಕ್ರಮವು ಹೊಸದಾಗಿ ಕಲಿಯುವವರ ಕೈಗೆ ಬಂದಾಗ ದಾರಿ ತಪ್ಪಿಸುವುದೇ ಹೆಚ್ಚು.

ನಾನು ಹಿರಿಯೂರು ತಾಲ್ಲೂಕಿನ ಒಂದು ಕನ್ನಡ ಮಾಧ್ಯಮದ ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಈ ಪದಗಳ ಪಟ್ಟಿಯನ್ನು ಬೋರ್ಡಿನ ಮೇಲೆ ಬರೆಯುವುದನ್ನು ಕೆಲವು ವರ್ಷಗಳಿಂದ ಸಂಪೂರ್ಣವಾಗಿ ನಿಲ್ಲಿಸಿದ್ದೇನೆ. ಅದರ ಬದಲು ಮಕ್ಕಳಿಂದ ಮೊದಲು ಕನ್ನಡದ ಮಾತುಗಳನ್ನು ಹೊರಡಿಸುತ್ತೇನೆ. ನಿನಗೆ ಏನೇನು ಗೊತ್ತು, ಅದು ನಿನಗೆ ಹೇಗೆ ಬಂತು ಎಂದು ಕೇಳಿದರೆ ಸಾಕು. ಕಲಿತೆ, ಓದಿದೆ, ತಿಳಿಯಿತು, ರೂಢಿಯಾಯಿತು, ತಾನಾಗಿ ಬಂತು, ಬಾಯಿಪಾಠ ಮಾಡಿದೆ ಎಂದು ಹತ್ತಾರು ಬಗೆಯ ಉತ್ತರಗಳು ಬರುತ್ತವೆ. ಇಂಗ್ಲಿಷ್ ಬೇರ್ಪಡಿಸುವ ಬಹುಪಾಲು ಅರ್ಥಛಾಯೆಗಳು ಮಕ್ಕಳ ಕನ್ನಡದಲ್ಲಿ ಆಗಲೇ ಬೇರೆ ಬೇರೆಯಾಗಿರುತ್ತವೆ. ಒಂದೊಂದಕ್ಕೂ ಸರಿಯಾದ ಇಂಗ್ಲಿಷ್ ಕ್ರಿಯಾಪದವನ್ನು ಎದುರಿಗೆ ನಿಲ್ಲಿಸುವುದಷ್ಟೇ ನನ್ನ ಕೆಲಸ.

ಮೊದಲು ಎತ್ತಿಕೊಳ್ಳುವುದು ಓದು ಮತ್ತು ಕಲಿ ಎಂಬ ಜೋಡಿಯನ್ನು. ‘ಐ ಆಮ್ ರೀಡಿಂಗ್ ಇನ್ ಏಯ್ತ್ ಸ್ಟ್ಯಾಂಡರ್ಡ್’ ಎಂದು ಬರೆಯದ ಮಗು ನಮ್ಮ ಶಾಲೆಯಲ್ಲಿ ಅಪರೂಪ. ಇದಕ್ಕೆ ಕಾರಣ ಸ್ಪಷ್ಟವಾಗಿದೆ: ಕನ್ನಡದಲ್ಲಿ ಪುಸ್ತಕ ಓದುವುದೂ ಓದೇ, ಎಂಟನೆಯ ತರಗತಿಯಲ್ಲಿರುವುದೂ ಓದೇ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡಿಗರನ್ನು ‘ಕುರಿತೋದದೆಯುಂ’ ಕಾವ್ಯಪ್ರಯೋಗದಲ್ಲಿ ಪರಿಣತಮತಿಗಳು ಎಂದಾಗಲೂ ಅಲ್ಲಿನ ಓದು ಬರಿಯ ಪುಸ್ತಕ ಓದುವುದಲ್ಲ, ಉದ್ದೇಶವಿಟ್ಟು ಮಾಡುವ ಅಧ್ಯಯನ. ಮಕ್ಕಳ ವಾಕ್ಯವನ್ನು ತಿದ್ದುವಾಗ ನಾನು ಇನ್ನೊಂದು ಸಂಗತಿಯನ್ನೂ ಹೇಳುತ್ತೇನೆ. ಬ್ರಿಟನ್ನಿನ ವಿಶ್ವವಿದ್ಯಾಲಯಗಳ ಮಟ್ಟಿಗೆ ‘ರೀಡ್’ ಎಂಬುದಕ್ಕೆ ಒಂದು ವಿಷಯವನ್ನು ವ್ಯಾಸಂಗ ಮಾಡು ಎಂಬ ಅರ್ಥ ಇಂದಿಗೂ ಇದೆ, ನೆಹರೂ ಅವರು ಕೇಂಬ್ರಿಜ್‌ನಲ್ಲಿ ನಿಸರ್ಗ ವಿಜ್ಞಾನವನ್ನು ‘ರೀಡ್’ ಮಾಡಿದರು ಎಂದೇ ಅಲ್ಲಿಯವರು ಹೇಳುತ್ತಾರೆ. ಆದರೆ ಆ ಬಳಕೆ ವಿಶ್ವವಿದ್ಯಾಲಯದ ವಿಷಯಕ್ಕೆ ಸೀಮಿತವಾದದ್ದು. ಶಾಲೆಯ ತರಗತಿಗೆ ‘ಸ್ಟಡಿ’ಯೇ ಆಗಬೇಕು.

‘ಸ್ಟಡಿ’ಗೂ ‘ಲರ್ನ್’ಗೂ ನಡುವಿನ ಅಂತರವನ್ನು ನಿಯಮವಾಗಿ ಹೇಳಿದರೆ ಯಾರಿಗೂ ಹತ್ತುವುದಿಲ್ಲ. ‘ರಾತ್ರಿಯೆಲ್ಲ ಓದಿದೆ ಸಾರ್, ತಲೆಗೆ ಏನೂ ಹತ್ತಲಿಲ್ಲ’ ಎಂಬುದು ಪರೀಕ್ಷೆಯ ಕಾಲದಲ್ಲಿ ದಿನವೂ ಕೇಳಿಬರುವ ಮಾತು. ಆ ಮಾತನ್ನೇ ಬೋರ್ಡಿಗೆ ಹಾಕಿ, ಓದಿದ್ದು ‘ಸ್ಟಡಿ’, ತಲೆಗೆ ಹತ್ತುವುದು ‘ಲರ್ನ್’ ಎಂದು ಕೆಳಗೆರೆ ಎಳೆಯುತ್ತೇನೆ. ಒಂದು ಪ್ರಯತ್ನ, ಇನ್ನೊಂದು ಫಲ. ಆದ್ದರಿಂದಲೇ ‘ಐ ಸ್ಟಡಿಡ್ ಆಲ್ ನೈಟ್ ಬಟ್ ಲರ್ನ್ಟ್ ನಥಿಂಗ್’ ಎಂಬ ವಾಕ್ಯ ಹೊಂದುತ್ತದೆ. ಎರಡು ಕ್ರಿಯಾಪದಗಳನ್ನು ಅದಲುಬದಲು ಮಾಡಿದರೆ ಅರ್ಥವೇ ಕೆಡುತ್ತದೆ. ಈಜು, ಸೈಕಲ್, ಅಡುಗೆಗಳ ಜೊತೆ ‘ಸ್ಟಡಿ’ ಏಕೆ ಬರುವುದಿಲ್ಲ ಎಂದು ಕೇಳಿದರೆ ಮಕ್ಕಳೇ ಕಾರಣ ಹೇಳುತ್ತಾರೆ: ಈಜನ್ನು ಯಾರಾದರೂ ಓದುತ್ತಾರೆಯೇ!

ಈಜಿನ ಮಾತು ಬಂದಾಗ ಮತ್ತೊಂದು ಗಂಟು ಎದುರಾಗುತ್ತದೆ. ಕಲಿತು ಮುಗಿದ ಮೇಲಿನ ಸ್ಥಿತಿಯನ್ನು ಕನ್ನಡಿಗರು ‘ನನಗೆ ಈಜು ಬರುತ್ತದೆ’ ಎಂದು ಹೇಳುತ್ತೇವೆ. ಇಲ್ಲಿ ವಿದ್ಯೆಯೇ ಕರ್ತೃ, ಅದು ನಮ್ಮ ಬಳಿಗೆ ಬರುತ್ತದೆ; ಇಂಗ್ಲಿಷಿನಲ್ಲಿ ಕಲಿತವನೇ ಕರ್ತೃ. ‘ಸ್ವಿಮ್ಮಿಂಗ್ ಕಮ್ಸ್ ಟು ಮೀ’ ಎಂದು ಬರೆಯುವ ಮಗು ಕನ್ನಡದ ವ್ಯಾಕರಣಕ್ಕೆ ನಿಷ್ಠವಾಗಿದೆ ಎಂದೇ ನಾನು ಭಾವಿಸುತ್ತೇನೆ. ಅಲ್ಲಿ ‘ಐ ಕ್ಯಾನ್ ಸ್ವಿಮ್’ ಅಥವಾ ‘ಐ ನೋ ಹೌ ಟು ಸ್ವಿಮ್’ ಎಂದಾಗಬೇಕು. ‘ನೋ’ ಎಂಬುದು ‘ಲರ್ನ್’ ಪದದ ಸಮಾನಾರ್ಥಕವಲ್ಲ, ಅದರ ಮುಂದಿನ ಮಜಲು ಎಂಬ ವಿಷಯವನ್ನು ತಿಳಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ನನಗೆ ಸಿಕ್ಕಿಲ್ಲ.

‘ಪಿಕ್ ಅಪ್’ ಎಂಬುದನ್ನು ತಿಳಿಸಿಕೊಟ್ಟವಳು ಒಬ್ಬ ವಿದ್ಯಾರ್ಥಿನಿಯೇ. ಅವಳ ಮನೆಯಲ್ಲಿ ಸೇವಂತಿಗೆ ಬೆಳೆಯುತ್ತಾರೆ. ಹೂ ಕಟ್ಟುವುದನ್ನು ಯಾರು ಕಲಿಸಿದರು ಎಂದು ಕೇಳಿದ್ದಕ್ಕೆ, ‘ಯಾರೂ ಕಲಿಸಲಿಲ್ಲ ಸಾರ್, ಅಜ್ಜಿ ಕಟ್ಟೋದು ನೋಡ್ತಾ ನೋಡ್ತಾ ಬಂತು’ ಎಂದಳು. ಮರುದಿನ ಒಂದಿಷ್ಟು ಹೂವನ್ನೂ ನೆನೆಸಿದ ಬಾಳೆನಾರನ್ನೂ ತಂದು, ನಾರಿನ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡು, ಎರಡು ಹೂ ಈ ಕಡೆಗೆ, ಎರಡು ಹೂ ಆ ಕಡೆಗೆ ಇಟ್ಟು ಗಂಟು ಬಿಗಿಯುತ್ತ ಹೋದಳು. ಗಂಟು ಹೇಗೆ ಬೀಳುತ್ತದೆ ಹೇಳು ಎಂದರೆ ಅವಳ ಕೈ ನಿಂತುಹೋಗುತ್ತಿತ್ತು. ಹೇಳಲು ಬಾರದು, ಮಾಡಲು ಬರುತ್ತದೆ. ಪಾಠವಿಲ್ಲದೆ, ಪ್ರಯತ್ನವೆಂದು ಗೊತ್ತೇ ಆಗದೆ ಕೈಗೆ ಹತ್ತುವ ಇಂಥ ಕಲಿಕೆಗೆ ‘ಪಿಕ್ ಅಪ್’ ಎನ್ನುತ್ತಾರೆ ಎಂದು ಹೇಳಿದೆ. ಹೊಸೂರಿಗೆ ಕೂಲಿಗೆ ಹೋದ ಅಣ್ಣನಿಗೆ ತಮಿಳು ಬಂದದ್ದೂ ಹೀಗೆಯೇ ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ತಾನಾಗಿಯೇ ಸೇರಿಸಿದ. ಭಾಷೆಯ ವಿಷಯದಲ್ಲಿ ಅಮೆರಿಕದ ಭಾಷಾವಿಜ್ಞಾನಿ ಸ್ಟೀಫನ್ ಕ್ರಾಶೆನ್ ಇದೇ ಭೇದವನ್ನು ‘ಅಕ್ವಿಸಿಷನ್’ ಮತ್ತು ‘ಲರ್ನಿಂಗ್’ ಎಂಬ ಪಾರಿಭಾಷಿಕ ಪದಗಳಲ್ಲಿ ಹಿಡಿದಿಟ್ಟಿದ್ದಾರೆ. ‘ಅಕ್ವೈರ್’ ತೂಕದ ಪದ, ಪ್ರಬಂಧಗಳಿಗೆ ಒಗ್ಗುತ್ತದೆ. ಹೂ ಕಟ್ಟುವುದಕ್ಕೆ ‘ಪಿಕ್ ಅಪ್’ ಸಾಕು. ಅದೇ ಹುಡುಗಿಯ ಅಜ್ಜಿಯ ಕೈಚಳಕವನ್ನು ಹೇಳಬೇಕಾದರೆ ‘ಮಾಸ್ಟರ್’ ಎನ್ನಬಹುದು, ಅದು ನಮ್ಮ ಕರಗತಕ್ಕೆ ಸರಿಹೊಂದುತ್ತದೆ.

‘ಲರ್ನ್’ ಪದಕ್ಕೆ ಕಲಿ ಎಂದಷ್ಟೇ ಅರ್ಥ ಬರೆದುಕೊಂಡವರು ಮುಗ್ಗರಿಸುವುದು ವೃತ್ತಪತ್ರಿಕೆಯ ಮುಂದೆ. ನಮ್ಮ ದೇಶದ ಇಂಗ್ಲಿಷ್ ಪತ್ರಿಕೆಗಳಲ್ಲಿ ‘ಇಟ್ ಈಸ್ ಲರ್ನ್ಟ್ ದಟ್’ ಎಂಬ ಮಾತು ಮೇಲಿಂದ ಮೇಲೆ ಬರುತ್ತದೆ. ಹೀಗೆ ಕಲಿತಿದೆ ಎಂದು ಒಬ್ಬ ಅನುವಾದಿಸಿದಾಗ ಇಡೀ ತರಗತಿ ಗೊಂದಲಕ್ಕೆ ಬಿದ್ದಿತು. ಆಗ ಕನ್ನಡ ಪತ್ರಿಕೆಯ ಒಂದು ಅಪರಾಧ ಸುದ್ದಿಯನ್ನು ಓದಿಸಿ, ಕೊನೆಯಲ್ಲಿದ್ದ ‘ಎಂದು ತಿಳಿದುಬಂದಿದೆ’ ಎಂಬುದರ ಮೇಲೆ ಬೆರಳಿಡಿಸಿದೆ. ಅಷ್ಟಕ್ಕೆ ಗೊಂದಲ ಕರಗಿತು. ಸಾವಿನ ಸುದ್ದಿ, ವರ್ಗಾವಣೆಯ ಸುದ್ದಿ, ಫಲಿತಾಂಶದ ಸುದ್ದಿಗಳು ಕಿವಿಗೆ ಬೀಳುವುದೂ ‘ಲರ್ನ್’. ಅಲ್ಲಿ ಅದರ ನೆರೆಯವರು ‘ಹಿಯರ್’ ಮತ್ತು ‘ಫೈಂಡ್ ಔಟ್’. ಹುಡುಕಾಡಿ ತಿಳಿದುಕೊಂಡರೆ ‘ಫೈಂಡ್ ಔಟ್’, ತಾನಾಗಿ ಕಿವಿಗೆ ಬಿದ್ದರೆ ‘ಹಿಯರ್’, ಎರಡಕ್ಕೂ ಸಲ್ಲುವ, ಸ್ವಲ್ಪ ಗಂಭೀರವಾದ ಪದ ಬೇಕಿದ್ದರೆ ‘ಲರ್ನ್’. ಸಂತಾಪದ ಪತ್ರ ಬರೆಯಿಸುವಾಗ ಇದು ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ.

ಬಾಯಿಪಾಠದ ವಿಷಯವಂತೂ ಒಂದು ಇಡೀ ಪೀರಿಯಡ್ ತಿನ್ನುತ್ತದೆ. ನಾವು ಬಾಯಿಯಲ್ಲಿ, ಕಂಠದಲ್ಲಿ ಇಟ್ಟುಕೊಳ್ಳುವುದನ್ನು ಇಂಗ್ಲಿಷರು ಹೃದಯದಲ್ಲಿ ಇಟ್ಟುಕೊಳ್ಳುತ್ತಾರೆ. ಅದು ‘ಲರ್ನ್ ಬೈ ಹಾರ್ಟ್’. ನಮ್ಮಲ್ಲಿ ಬಳಕೆಯಲ್ಲಿರುವ ‘ಬೈಹಾರ್ಟ್ ಮಾಡು’ ಎಂಬುದು ಇದರಿಂದಲೇ ಬಂದಿದೆ, ಆದರೆ ಇಂಗ್ಲಿಷಿನಲ್ಲಿ ‘ಲರ್ನ್’ ಇಲ್ಲದೆ ‘ಬೈಹಾರ್ಟ್’ ಒಂದನ್ನೇ ಕ್ರಿಯಾಪದವಾಗಿ ಬಳಸಿದರೆ ಹೊರದೇಶದವರಿಗೆ ಅರ್ಥವಾಗುವುದು ಕಷ್ಟ. ಕಂಠಪಾಠ ಎಂದರೆ ಗೌರವ, ಬಾಯಿಪಾಠ ಎಂದರೆ ಸಾಮಾನ್ಯ, ಗಿಳಿಪಾಠ ಎಂದರೆ ತಾತ್ಸಾರ, ಉರು ಹೊಡೆಯುವುದೆಂದರೆ ನಾಳೆ ಪರೀಕ್ಷೆ ಎಂದೇ ಲೆಕ್ಕ. ಇಂಗ್ಲಿಷಿನಲ್ಲಿಯೂ ಇಂಥದೇ ಮೆಟ್ಟಿಲುಗಳಿವೆ: ‘ಬೈ ಹಾರ್ಟ್’ನಲ್ಲಿ ಪ್ರೀತಿಯಿದೆ, ‘ಮೆಮೊರೈಸ್’ ನಿರ್ಲಿಪ್ತ, ‘ಬೈ ರೋಟ್’ನಲ್ಲಿ ಆಕ್ಷೇಪವಿದೆ, ‘ಕ್ರ್ಯಾಮ್’ ಎಂದರೆ ಕಡೆಗಳಿಗೆಯ ತುರುಕಾಟ. ನಮ್ಮ ಎಸ್ಸೆಸ್ಸೆಲ್ಸಿಯ ‘ಪಾಸಿಂಗ್ ಪ್ಯಾಕೇಜ್’, ಅಂದರೆ ಪಾಸಾಗಲು ಬೇಕಾದಷ್ಟನ್ನೇ ಆರಿಸಿಕೊಟ್ಟ ಪ್ರಶ್ನೋತ್ತರಗಳ ಕಟ್ಟು, ಈ ಯಾವ ಮೆಟ್ಟಿಲಿಗೆ ಸೇರುತ್ತದೆಂದು ಮಕ್ಕಳು ಕೇಳಿದರೆ ನಾನು ಮಾತು ಬದಲಿಸುತ್ತೇನೆ.

‘ಮೈ ಟೀಚರ್ ಲರ್ನ್ಸ್ ಮೀ ಇಂಗ್ಲಿಷ್’ ಎಂಬ ವಾಕ್ಯವೂ ಆಗಾಗ ಬರುತ್ತದೆ. ಕಲಿ ಎಂಬುದಕ್ಕೆ ‘ಇಸು’ ಹಚ್ಚಿ ಕಲಿಸು ಎಂದು ಮಾಡಿಕೊಳ್ಳುವ ನಮಗೆ, ಕಲಿಯುವುದಕ್ಕೊಂದು, ಕಲಿಸುವುದಕ್ಕೊಂದು ಬೇರೆಯೇ ಧಾತು ಬೇಕೆಂಬುದು ವಿಚಿತ್ರವಾಗಿ ಕಾಣುತ್ತದೆ. ಕೆಲವು ಶತಮಾನಗಳ ಹಿಂದಿನ ಇಂಗ್ಲಿಷಿನಲ್ಲಿ ‘ಲರ್ನ್’ ಪದಕ್ಕೆ ಕಲಿಸು ಎಂಬ ಅರ್ಥವೂ ಇತ್ತು, ಈಗ ಅದು ಕೆಲವು ಆಡುನುಡಿಗಳಲ್ಲಿ ಮಾತ್ರ ಉಳಿದಿದೆ. ಪರೀಕ್ಷೆಯಲ್ಲಿ ‘ಟೀಚ್’ ಎಂದೇ ಬರೆಯಬೇಕು. ಭೂತಕಾಲದ ರೂಪ ‘ಲರ್ನ್ಟ್’ ಆದರೂ ಆದೀತು, ಅಮೆರಿಕದವರು ಬರೆಯುವ ‘ಲರ್ನ್ಡ್’ ಆದರೂ ಆದೀತು. ಅದನ್ನೇ ಎರಡು ಉಚ್ಚಾರಾಂಶಗಳಾಗಿ ‘ಲರ್ನೆಡ್’ ಎಂದರೆ ಪಂಡಿತ ಎಂದಾಗುತ್ತದೆ, ನ್ಯಾಯಾಲಯದಲ್ಲಿ ವಕೀಲರು ಎದುರು ಪಕ್ಷದವರನ್ನು ಕರೆಯುವುದು ಹೀಗೆಯೇ.

ಇಷ್ಟಾದರೂ ಅಭ್ಯಾಸ ಎಂಬ ಪದ ನನ್ನ ಈ ಪದ್ಧತಿಗೆ ಇನ್ನೂ ಬಗ್ಗಿಲ್ಲ. ವಿದ್ಯಾಭ್ಯಾಸದಲ್ಲಿ ಅದು ‘ಸ್ಟಡಿ’, ಸಂಗೀತದಲ್ಲಿ ‘ಪ್ರ್ಯಾಕ್ಟೀಸ್’, ಬೀಡಿ ಸೇದುವವನಲ್ಲಿ ‘ಹ್ಯಾಬಿಟ್’. ಕಳೆದ ವರ್ಷ ಒಬ್ಬ ಹುಡುಗ ತನ್ನ ಚಿಕ್ಕಪ್ಪನ ಬಗ್ಗೆ ‘ಹೀ ಪ್ರ್ಯಾಕ್ಟೀಸಸ್ ಡ್ರಿಂಕಿಂಗ್ ಡೈಲಿ’ ಎಂದು ಬರೆದಿದ್ದ. ಅದನ್ನು ತಿದ್ದುವಾಗ ಮೂರನ್ನೂ ಪಕ್ಕಪಕ್ಕ ಬರೆದು, ಈಗ ನೀನೇ ಆರಿಸು ಎಂದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, ‘ಮೊದಮೊದಲು ಪ್ರ್ಯಾಕ್ಟೀಸ್ ಸಾರ್, ಈಗ ಹ್ಯಾಬಿಟ್’ ಎಂದ.