ಅಮೆರಿಕದಲ್ಲಿ ನರ್ಸ್ ಆಗಬೇಕೆ? ಕಮ್ಯುನಿಟಿ ಕಾಲೇಜಿನ ದಾರಿ ಹೀಗಿದೆ

ಗಂಡನ ಕೆಲಸದ ಜೊತೆ ಅಮೆರಿಕಕ್ಕೆ ಬಂದವರು, ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ 'ಈಗ ನಾನೇನು ಮಾಡಲಿ' ಎಂದು ಯೋಚಿಸುವವರು ನಮ್ಮಲ್ಲಿ ಬಹಳ. ಕೈಯಲ್ಲಿ ಬಿ.ಎಸ್ಸಿ., ಬಿ.ಕಾಂ. ಅಥವಾ ಬಿ.ಇ. ಇರುತ್ತದೆ. ಕನ್ನಡ ಕೂಟದ ಯುಗಾದಿ ಊಟಕ್ಕೆ ನಿಂತಾಗ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಅಕ್ಕಾ, ಇಲ್ಲಿ ಎರಡೇ ವರ್ಷಕ್ಕೆ ನರ್ಸ್ ಆಗಬಹುದಂತೆ, ಹೌದಾ?"

ಆಗಬಹುದು. ಆದರೆ ಆ ಎರಡು ವರ್ಷ ಶುರುವಾಗುವ ಮೊದಲೇ ಒಂದೋ ಒಂದೂವರೆಯೋ ವರ್ಷದ ಓದು ಇದೆ, ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನನ್ನ ಪ್ರಕಾರ ಈ ಕೋರ್ಸಿನಲ್ಲಿ ಜಾಸ್ತಿ ಜನ ಸೋಲುವುದು ಓದಿನಲ್ಲಲ್ಲ, ಕ್ಯಾಲೆಂಡರಿನಲ್ಲಿ. ಯಾವ ಕಾಗದ ಯಾವಾಗ ಬೇಕು, ಯಾವ ವಿಷಯ ಯಾವಾಗ ಮುಗಿಸಬೇಕು ಎಂಬುದನ್ನು ಕೊನೆಯಿಂದ ಹಿಂದಕ್ಕೆ ಎಣಿಸಿಕೊಂಡು ಬಂದವರಿಗೆ ದಾರಿ ಸಲೀಸು.

ಕಮ್ಯುನಿಟಿ ಕಾಲೇಜಿನಲ್ಲಿ, ಅಂದರೆ ಎರಡು ವರ್ಷದ ಡಿಗ್ರಿ ಕೊಡುವ ಸ್ಥಳೀಯ ಸರ್ಕಾರಿ ಕಾಲೇಜಿನಲ್ಲಿ, ಸಿಗುವ ಈ ಕೋರ್ಸಿನ ಹೆಸರು ಅಸೋಸಿಯೇಟ್ ಡಿಗ್ರಿ ಇನ್ ನರ್ಸಿಂಗ್. ಎಲ್ಲರೂ ಎಡಿಎನ್ ಅನ್ನುತ್ತಾರೆ. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ನರ್ಸ್‌ಗಳ ಕೊರತೆ ಜೋರಾಗಿತ್ತು. ಆಗ ಮಿಲ್ಡ್ರೆಡ್ ಮೊಂಟ್ಯಾಗ್ ಎಂಬಾಕೆ 1951ರ ತನ್ನ ಪ್ರಬಂಧದಲ್ಲಿ ಎರಡು ವರ್ಷದ ಕೋರ್ಸಿನ ಯೋಚನೆ ಮುಂದಿಟ್ಟರು. ಮರುವರ್ಷವೇ ಅದು ಕೆಲವು ಕಾಲೇಜುಗಳಲ್ಲಿ ಪ್ರಯೋಗವಾಗಿ ಶುರುವಾಯಿತು. ಇಂದಿಗೂ ಎಡಿಎನ್ ಓದಿದವರು, ನಾಲ್ಕು ವರ್ಷದ ಬಿಎಸ್‌ಎನ್ (ನರ್ಸಿಂಗ್ ಬ್ಯಾಚುಲರ್ ಡಿಗ್ರಿ) ಓದಿದವರು ಬರೆಯುವುದು ಒಂದೇ ಪರೀಕ್ಷೆ, ಪಡೆಯುವುದು ಒಂದೇ ಆರ್‌ಎನ್ (ರಿಜಿಸ್ಟರ್ಡ್ ನರ್ಸ್) ಲೈಸೆನ್ಸ್.

ಮೊದಲು ನೋಡಿ: ಇದು ನಿಮಗೆ ಬೇಕಾ?

ಕರ್ನಾಟಕದಲ್ಲಿ ಜಿಎನ್‌ಎಂ ಅಥವಾ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಬಂದಿದ್ದೀರಾ? ಹಾಗಿದ್ದರೆ ಮತ್ತೆ ಎಡಿಎನ್‌ಗೆ ಸೇರಲು ಹೊರಡಬೇಡಿ. ನಿಮ್ಮ ಓದನ್ನು ಟ್ರೂಮೆರಿಟ್‌ನಂಥ (ಹಿಂದಿನ ಹೆಸರು ಸಿಜಿಎಫ್‌ಎನ್‌ಎಸ್) ಸಂಸ್ಥೆಯಿಂದ ತೂಗಿಸಿ, ಸೇರುವ ರಾಜ್ಯದ ನರ್ಸಿಂಗ್ ಬೋರ್ಡ್‌ಗೆ ಅರ್ಜಿ ಹಾಕಿ. ಬೋರ್ಡ್ ಒಪ್ಪಿದರೆ ನೇರವಾಗಿ ಎನ್‌ಕ್ಲೆಕ್ಸ್, ಅಂದರೆ ಲೈಸೆನ್ಸ್ ಪರೀಕ್ಷೆ ಬರೆಯಬಹುದು. ಬೆಂಗಳೂರಿನಲ್ಲೇ ಪರೀಕ್ಷಾ ಕೇಂದ್ರವೂ ಇದೆ. ಇದರಲ್ಲಿ ತಡವಾಗುವುದು ಓದಿದ ಕಾಲೇಜು ಮತ್ತು ನರ್ಸಿಂಗ್ ಕೌನ್ಸಿಲ್‌ನಿಂದ ಬರಬೇಕಾದ ಕಾಗದಗಳಿಂದ. ಊರಲ್ಲಿ ಓಡಾಡಲು ಒಬ್ಬ ತಮ್ಮನೋ ಮಾವನೋ ಇದ್ದರೆ ಈಗಲೇ ಹೇಳಿಟ್ಟುಕೊಳ್ಳಿ.

ಬೇರೆ ಡಿಗ್ರಿ ಇದ್ದವರಿಗೆ ಇನ್ನೊಂದು ದಾರಿಯೂ ಇದೆ: ಆಕ್ಸಲರೇಟೆಡ್ ಬಿಎಸ್‌ಎನ್. ಸುಮಾರು ಒಂದರಿಂದ ಒಂದೂವರೆ ವರ್ಷದಲ್ಲಿ ಮುಗಿಯುತ್ತದೆ. ಆದರೆ ಫೀಸು ಕಮ್ಯುನಿಟಿ ಕಾಲೇಜಿಗಿಂತ ಎಷ್ಟೋ ಪಟ್ಟು ಜಾಸ್ತಿ, ಆ ಅವಧಿಯಲ್ಲಿ ಮನೆ ಕಡೆ ತಿರುಗಿ ನೋಡಲೂ ಪುರುಸೊತ್ತು ಇರುವುದಿಲ್ಲ. ಚಿಕ್ಕ ಮಕ್ಕಳಿದ್ದರೆ ಎಡಿಎನ್ನೇ ವಾಸಿ ಎಂದು ನಾನು ಹೇಳುತ್ತೇನೆ.

ವೀಸಾದ ಮಾತು ಮೊದಲೇ ಮುಗಿಸಿಬಿಡೋಣ. ಎಚ್-4ನಲ್ಲಿ, ಅಂದರೆ ಎಚ್-1ಬಿ ಕೆಲಸದ ವೀಸಾದವರ ಸಂಗಾತಿಯ ವೀಸಾದಲ್ಲಿ ಇದ್ದವರು ಓದಬಹುದು, ಅದಕ್ಕೆ ಬೇರೆ ವೀಸಾ ಬೇಡ. ಕೆಲಸ ಮಾಡಲು ಮಾತ್ರ ಪರ್ಮಿಟ್ ಬೇಕು. ಸಾಮಾನ್ಯವಾಗಿ ಸಂಗಾತಿಯ ಐ-140 (ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ) ಮಂಜೂರಾಗಿದ್ದರೆ ಅದಕ್ಕೆ ಅರ್ಜಿ ಹಾಕಬಹುದು. 'ಆಸ್ಪತ್ರೆಯವರೇ ಎಚ್-1ಬಿ ಮಾಡಿಸಿಕೊಡುತ್ತಾರೆ' ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಎಚ್-1ಬಿಗೆ ಕನಿಷ್ಠ ಬ್ಯಾಚುಲರ್ ಡಿಗ್ರಿ ಬೇಡುವ ಹುದ್ದೆಯೇ ಆಗಬೇಕು. ಸಾಮಾನ್ಯ ಆರ್‌ಎನ್ ಹುದ್ದೆ ಆ ಲೆಕ್ಕಕ್ಕೆ ಬರುವುದು ಅಪರೂಪ. ಕೆಲವು ರಾಜ್ಯಗಳು ಲೈಸೆನ್ಸ್ ಕೊಡುವಾಗ ಸೋಶಿಯಲ್ ಸೆಕ್ಯುರಿಟಿ ನಂಬರ್ ಕೂಡ ಕೇಳುತ್ತವೆ. ಸೇರುವ ಮೊದಲೇ ಬೋರ್ಡ್‌ನ ನಿಯಮ ಓದಿಕೊಳ್ಳಿ.

ಕಾಲೇಜು ಆರಿಸುವುದು

ಮನೆಯಿಂದ ಕಾರಿನಲ್ಲಿ ಹೋಗಿಬರುವ ದೂರದಲ್ಲಿರುವ ಎಲ್ಲ ಕಮ್ಯುನಿಟಿ ಕಾಲೇಜುಗಳ ಪಟ್ಟಿ ಮಾಡಿ. ಪ್ರತಿಯೊಂದಕ್ಕೂ ಮೂರು ವಿಷಯ ನೋಡಿ. ರಾಜ್ಯದ ನರ್ಸಿಂಗ್ ಬೋರ್ಡ್ ಒಪ್ಪಿಗೆ ಕೊಟ್ಟಿದೆಯೇ? ಇಲ್ಲವಾದರೆ ಅಲ್ಲಿಗೇ ಬಿಡಿ, ಲೈಸೆನ್ಸ್ ಪರೀಕ್ಷೆಗೇ ಕೂರಿಸುವುದಿಲ್ಲ. ನರ್ಸಿಂಗ್ ಕೋರ್ಸುಗಳನ್ನು ಪರಿಶೀಲಿಸುವ ಎಸಿಇಎನ್ ಅಥವಾ ಎನ್‌ಎಲ್‌ಎನ್ ಸಂಸ್ಥೆಯ ಮಾನ್ಯತೆ ಇದೆಯೇ? ಮುಂದೆ ಬಿಎಸ್‌ಎನ್ ಮಾಡಲು ಹೊರಟಾಗ ಇದು ಉಪಯೋಗಕ್ಕೆ ಬರುತ್ತದೆ. ಮೂರನೆಯದು, ಅಲ್ಲಿಯ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಮೊದಲ ಯತ್ನದಲ್ಲೇ ಎನ್‌ಕ್ಲೆಕ್ಸ್ ಪಾಸಾಗುತ್ತಿದ್ದಾರೆ? ಈ ಅಂಕಿಯನ್ನು ಬೋರ್ಡ್‌ಗಳೇ ವರ್ಷವರ್ಷ ಪ್ರಕಟಿಸುತ್ತವೆ. ಒಂದು ವರ್ಷದ್ದಲ್ಲ, ನಾಲ್ಕೈದು ವರ್ಷದ್ದು ನೋಡಿ.

'ವೇಟಿಂಗ್ ಲಿಸ್ಟ್ ಇಲ್ಲ, ಮುಂದಿನ ತಿಂಗಳೇ ಶುರು' ಎಂಬ ಜಾಹೀರಾತು ಕಾಣಿಸುತ್ತದಲ್ವಾ? ಅವು ಬಹುಪಾಲು ಲಾಭಕ್ಕಾಗಿ ನಡೆಯುವ ಖಾಸಗಿ ಕಾಲೇಜುಗಳದ್ದು. ಕೆಲವು ಚೆನ್ನಾಗಿರಬಹುದು. ಆದರೆ ಮೇಲಿನ ಮೂರೂ ಪ್ರಶ್ನೆ ಕೇಳದೆ ಅಲ್ಲಿ ಸಹಿ ಹಾಕಬೇಡಿ.

ಫೀಸಿನಲ್ಲಿ ಭೂಮಿ ಆಕಾಶದ ವ್ಯತ್ಯಾಸ ಬರುವುದು ನಿಮ್ಮನ್ನು ಆ ರಾಜ್ಯದ ನಿವಾಸಿ ಎಂದು ಪರಿಗಣಿಸುತ್ತಾರೋ ಇಲ್ಲವೋ ಎಂಬುದರಿಂದ. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ ನಿವಾಸಿಗೆ ಒಂದು ಯೂನಿಟ್‌ಗೆ (ಕ್ರೆಡಿಟ್‌ಗೆ) 46 ಡಾಲರ್. ಹೊರಗಿನವರಿಗೆ ಇದರ ಹಲವು ಪಟ್ಟು. ಎಚ್-4ನವರಿಗೆ ನಿವಾಸಿ ದರ ಸಿಗುವ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ, ಅಡ್ಮಿಶನ್ ಆಫೀಸಿನಲ್ಲಿ ಬರಹದಲ್ಲೇ ಕೇಳಿ ಪಡೆಯಿರಿ. ಗ್ರೀನ್ ಕಾರ್ಡ್ ಇದ್ದವರು ಸರ್ಕಾರದ ಧನಸಹಾಯಕ್ಕೂ ಅರ್ಜಿ ಹಾಕಬಹುದು. ಎಚ್-4ಗೆ ಅದು ಇಲ್ಲ.

ಪ್ರಿರಿಕ್ವಿಸಿಟ್ ಎಂಬ ಮೊದಲ ಬೆಟ್ಟ

ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ, ಇಂಗ್ಲಿಷ್ ಬರವಣಿಗೆ, ಸೈಕಾಲಜಿ, ಹಲವು ಕಡೆ ಸ್ಟ್ಯಾಟಿಸ್ಟಿಕ್ಸ್, ಕೆಲವು ಕಡೆ ಕೆಮಿಸ್ಟ್ರಿ. ನರ್ಸಿಂಗ್‌ಗೆ ಅರ್ಜಿ ಹಾಕುವ ಮೊದಲು ಇವುಗಳಲ್ಲಿ ಹೆಚ್ಚಿನವು ಮುಗಿದಿರಬೇಕು. ಕಾಲೇಜಿನಿಂದ ಕಾಲೇಜಿಗೆ ಪಟ್ಟಿ ಸ್ವಲ್ಪ ಬದಲಾಗುತ್ತದೆ. ಅದಕ್ಕೇ ಕಾಲೇಜು ಮೊದಲು ಆರಿಸಿ, ಓದು ಆಮೇಲೆ. ಮೈಕ್ರೋಬಯಾಲಜಿಗೆ ಕೆಮಿಸ್ಟ್ರಿ ಮೊದಲು ಆಗಿರಬೇಕು ಎಂಬಂಥ ಕೊಂಡಿಗಳೂ ಇರುತ್ತವೆ. ಒಂದು ತಪ್ಪಿದರೆ ಇಡೀ ಸೆಮಿಸ್ಟರ್ ಹಿಂದಕ್ಕೆ.

ಊರಿನ ಡಿಗ್ರಿಯ ಅಂಕಪಟ್ಟಿ ಕೆಲಸಕ್ಕೆ ಬರುತ್ತದಾ? ಸ್ವಲ್ಪ ಮಟ್ಟಿಗೆ ಬರುತ್ತದೆ. ಡಬ್ಲ್ಯುಇಎಸ್‌ನಂಥ ಸಂಸ್ಥೆಯಿಂದ ಮೌಲ್ಯಮಾಪನ ಮಾಡಿಸಿ. 'ಕೋರ್ಸ್ ಬೈ ಕೋರ್ಸ್' ವರದಿಯನ್ನೇ ಕೇಳಿ, ಬರೀ ಡಿಗ್ರಿಯ ಸಮಾನತೆ ಹೇಳುವ ಅಗ್ಗದ ವರದಿ ಇಲ್ಲಿ ಸಾಲದು. ಸೈಕಾಲಜಿ, ಸ್ಟ್ಯಾಟಿಸ್ಟಿಕ್ಸ್‌ನಂಥವು ಉಳಿಯಬಹುದು. ವಿಜ್ಞಾನದ ವಿಷಯಗಳಿಗೆ ಮಾತ್ರ ಬಹಳ ಕಾಲೇಜುಗಳು ಐದೋ ಏಳೋ ವರ್ಷದ ಗಡುವು ಇಟ್ಟಿರುತ್ತವೆ. ಹದಿನೈದು ವರ್ಷದ ಹಿಂದಿನ ಬಿ.ಎಸ್ಸಿ. ಝೂವಾಲಜಿ ಅಲ್ಲಿ ನಡೆಯುವುದಿಲ್ಲ. ಬೇಜಾರು ಬೇಡ, ಮತ್ತೆ ಓದಿದರೆ ನರ್ಸಿಂಗ್ ಶುರುವಾದಾಗ ತಲೆಯಲ್ಲಿ ಹಸಿಯಾಗಿರುತ್ತದೆ.

ಅನಾಟಮಿ ಲ್ಯಾಬ್ ಪರೀಕ್ಷೆ ನಮ್ಮವರಿಗೆ ಹೊಸದು. ಮೇಜಿನ ಮೇಲೆ ಮೂಳೆ, ಮಾದರಿ, ಸ್ಲೈಡ್ ಇಟ್ಟು ಒಂದೊಂದಕ್ಕೂ ನಂಬರಿನ ಚೀಟಿ ಅಂಟಿಸಿರುತ್ತಾರೆ. ಒಂದು ಮೇಜಿಗೆ ಒಂದೋ ಎರಡೋ ನಿಮಿಷ, ಗಂಟೆ ಹೊಡೆದರೆ ಮುಂದಿನ ಮೇಜಿಗೆ ಸರಿಯಬೇಕು. ಎಲುಬಿನ ಹೆಸರು ಗೊತ್ತಿದ್ದರೆ ಸಾಲದು, ಚೀಟಿ ಅಂಟಿಸಿದ ಆ ಚಿಕ್ಕ ಗುಂಡಿಯ ಹೆಸರು ಬೇಕು, ಎಡದ್ದೋ ಬಲದ್ದೋ ಹೇಳಬೇಕು, ಸ್ಪೆಲಿಂಗ್ ತಪ್ಪಿದರೆ ಅಂಕ ಹೋಗುತ್ತದೆ. ಹಿಂದಿನ ರಾತ್ರಿ ಓದಿ ಬರೆಯುವ ನಮ್ಮ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ವಾರಕ್ಕೆರಡು ಸಲವಾದರೂ, ಅಭ್ಯಾಸಕ್ಕೆಂದು ಲ್ಯಾಬ್ ತೆರೆದಿಡುವ ಹೊತ್ತಿನಲ್ಲಿ ಹೋಗಿ ಕೈಯಲ್ಲಿ ಹಿಡಿದು ನೋಡಿ.

ಈ ವಿಷಯಗಳಲ್ಲಿ 'ಎ' ಬೇಕೇ ಬೇಕು ಎಂದುಕೊಂಡೇ ಓದಿ. ಸೀಟು ಕಡಿಮೆ, ಅರ್ಜಿ ಜಾಸ್ತಿ. ಬಹಳ ಕಡೆ ಒಂದೇ ವಿಷಯವನ್ನು ಮತ್ತೆ ಮತ್ತೆ ತೆಗೆದುಕೊಂಡರೆ ಅಂಕ ಕಡಿಯುತ್ತಾರೆ.

ಟೀಸ್, ಅರ್ಜಿ, ಕಾಯುವುದು

ಪ್ರವೇಶ ಪರೀಕ್ಷೆ ಸಾಮಾನ್ಯವಾಗಿ ಟೀಸ್ ಅಥವಾ ಹೆಸಿ. ಟೀಸ್‌ನಲ್ಲಿ ಓದು, ಗಣಿತ, ವಿಜ್ಞಾನ, ಇಂಗ್ಲಿಷ್ ಎಂದು ನಾಲ್ಕು ಭಾಗ, ಒಟ್ಟು 170 ಪ್ರಶ್ನೆ, 209 ನಿಮಿಷ. ಗಣಿತ ನಮ್ಮವರಿಗೆ ಸುಲಭ, ಔನ್ಸ್, ಪೌಂಡ್, ಇಂಚುಗಳ ಪರಿವರ್ತನೆ ಅಭ್ಯಾಸ ಮಾಡಿಕೊಂಡರೆ ಸಾಕು. ಕಷ್ಟ ಕೊಡುವುದು ಓದಿನ ಭಾಗ. ಒಂದು ಪ್ಯಾರಾ ಕೊಟ್ಟು 'ಲೇಖಕರ ಉದ್ದೇಶವೇನು' ಎಂದು ಕೇಳುತ್ತಾರೆ. ನಾಲ್ಕೂ ಉತ್ತರ ಸರಿಯೆಂದೇ ಕಾಣುತ್ತವೆ. ಅಭ್ಯಾಸ ಪರೀಕ್ಷೆಗಳಿಲ್ಲದೆ ಹೋಗಬೇಡಿ.

ಆಯ್ಕೆ ಮಾಡುವ ರೀತಿಯೂ ಎಲ್ಲ ಕಡೆ ಒಂದೇ ಇಲ್ಲ. ಕೆಲವರು ಗ್ರೇಡ್, ಟೀಸ್, ಅನುಭವ, ಇನ್ನೊಂದು ಭಾಷೆ ಬರುತ್ತದೆಯೇ ಎಂಬುದಕ್ಕೆಲ್ಲ ಪಾಯಿಂಟ್ ಕೊಡುತ್ತಾರೆ. ಕೆಲವರು ಲಾಟರಿ ಎತ್ತುತ್ತಾರೆ. ಕೆಲವು ಕಡೆ ಕಾಯುವ ಪಟ್ಟಿ. ಆದ್ದರಿಂದ ಒಂದೇ ಕಾಲೇಜನ್ನು ನಂಬಿ ಕೂರದೆ ಮೂರ್ನಾಲ್ಕಕ್ಕೆ ಅರ್ಜಿ ಹಾಕಿ.

ಕಾಯುವ ಹೊತ್ತಿನಲ್ಲಿ ಸಿಎನ್‌ಎ, ಅಂದರೆ ನರ್ಸ್ ಸಹಾಯಕರ ತರಬೇತಿ ಮುಗಿಸಿಬಿಡಿ. ಕೇಂದ್ರ ಸರ್ಕಾರದ ನಿಯಮದಂತೆ ಕನಿಷ್ಠ 75 ಗಂಟೆ, ಹಲವು ರಾಜ್ಯಗಳಲ್ಲಿ ಇನ್ನೂ ಜಾಸ್ತಿ. ಕೆಲವು ಎಡಿಎನ್ ಕೋರ್ಸುಗಳಿಗೆ ಇದು ಕಡ್ಡಾಯವೂ ಹೌದು. ಗೊತ್ತಿಲ್ಲದ ಗಂಡಸಿಗೆ ಸ್ನಾನ ಮಾಡಿಸಬೇಕು, ಹಾಸಿಗೆಯಲ್ಲೇ ಮಲ ಮಾಡಿಕೊಂಡ ಅಜ್ಜಿಯನ್ನು ಒರೆಸಿ ಬಟ್ಟೆ ಬದಲಿಸಬೇಕು. 'ಇಂಜಿನಿಯರಿಂಗ್ ಓದಿ ಇದಕ್ಕಾ ಹೋಗೋದು' ಎಂದು ಊರಿಂದ ಫೋನಿನಲ್ಲಿ ಅನ್ನುವವರೂ ಇದ್ದಾರೆ. ಈ ಕೆಲಸ ನಿಮಗೆ ಒಗ್ಗುತ್ತದೋ ಇಲ್ಲವೋ ಎಂದು ಸಾವಿರಾರು ಡಾಲರ್ ಸುರಿಯುವ ಮುಂಚೆಯೇ ತಿಳಿಯುವುದು ಒಳ್ಳೆಯದಲ್ವಾ?

ಸೀಟು ಸಿಕ್ಕಿತು, ಕಾಗದ ತನ್ನಿ

ಸೀಟು ಸಿಕ್ಕಿದ ಮೇಲೆ ಬರುವ ಪಟ್ಟಿ ಉದ್ದ: ಅಪರಾಧ ಹಿನ್ನೆಲೆ ತಪಾಸಣೆ, ಡ್ರಗ್ ಟೆಸ್ಟ್, ಸಿಪಿಆರ್ ಕಾರ್ಡ್, ಲಸಿಕೆಗಳು. ಲಸಿಕೆಯೇ ದೊಡ್ಡ ತಲೆನೋವು. ನಮ್ಮ ಬಾಲ್ಯದ ಲಸಿಕೆ ಕಾರ್ಡು ಯಾವ ಟ್ರಂಕಿನಲ್ಲಿದೆಯೋ! ಅಮ್ಮನಿಗೆ ಹುಡುಕಲು ಹೇಳಿ, ಜೊತೆಗೆ ರಕ್ತದಲ್ಲಿ ಪ್ರತಿಕಾಯ ನೋಡುವ ಟೈಟರ್ ಪರೀಕ್ಷೆಯನ್ನೂ ಮಾಡಿಸಿ. ಹೆಪಟೈಟಿಸ್ ಬಿ ಮೂರು ಡೋಸಿನದ್ದಾದರೆ ಮುಗಿಯಲು ಆರು ತಿಂಗಳು ಬೇಕು. ಸೀಟಿಗೆ ಕಾಯದೆ ಅರ್ಜಿ ಹಾಕುವಾಗಲೇ ಶುರು ಮಾಡಿ.

ಇನ್ನು ಟಿಬಿ. ಊರಲ್ಲಿ ಹುಟ್ಟಿದಾಗಲೇ ನಮಗೆ ಬಿಸಿಜಿ ಹಾಕಿರುತ್ತಾರೆ, ಎಡತೋಳಿನ ಗುರುತೇ ಸಾಕ್ಷಿ. ಅದರಿಂದ ಚರ್ಮದ ಟಿಬಿ ಪರೀಕ್ಷೆ ಕಾಯಿಲೆ ಇಲ್ಲದಿದ್ದರೂ ಪಾಸಿಟಿವ್ ಬರಬಹುದು. ಆಮೇಲೆ ಎಕ್ಸ್-ರೇ, ಡಾಕ್ಟರ್ ಪತ್ರ ಎಂದು ಸುಮ್ನೆ ಓಡಾಟ. ಮೊದಲೇ ಬಿಸಿಜಿ ಆಗಿದೆ ಎಂದು ಹೇಳಿ ಐಜಿಆರ್‌ಎ ಎಂಬ ರಕ್ತಪರೀಕ್ಷೆ ಕೇಳಿ. ಅದರ ಮೇಲೆ ಬಿಸಿಜಿಯ ಪ್ರಭಾವ ಇಲ್ಲ.

ಒಳಗಿನ ಎರಡು ವರ್ಷ

ಸಾಮಾನ್ಯವಾಗಿ ನಾಲ್ಕು ಸೆಮಿಸ್ಟರ್. ಮೊದಲು ಮೂಲಪಾಠ, ನಂತರ ಮೆಡಿಕಲ್-ಸರ್ಜಿಕಲ್, ಹೆರಿಗೆ, ಮಕ್ಕಳು, ಮನೋರೋಗ. ಕ್ಲಿನಿಕಲ್, ಅಂದರೆ ರೋಗಿಗಳ ಜೊತೆ ತರಬೇತಿ ಇರುವ ದಿನ ಬೆಳಿಗ್ಗೆ ಆರೂವರೆ, ಏಳಕ್ಕೆಲ್ಲ ಆಸ್ಪತ್ರೆಯಲ್ಲಿರಬೇಕು. ಆ ದಿನ ಮಕ್ಕಳಿಗೆ ಡಬ್ಬಿ ಕಟ್ಟಿ ಶಾಲೆಗೆ ಬಿಡುವುದು ಯಾರು? ಇದನ್ನು ಮೊದಲ ದಿನವೇ ಮನೆಯಲ್ಲಿ ಕೂತು ತೀರ್ಮಾನಿಸಿ. ಕ್ಲಿನಿಕಲ್ ತಪ್ಪಿಸಿದರೆ ಗೈರುಹಾಜರಿಗೆ ಕ್ಷಮೆ ಸಿಗುವುದು ಕಷ್ಟ.

ಪಾಸಾಗಲು 75 ಶೇಕಡಾ ಅಥವಾ ಅದಕ್ಕಿಂತ ಮೇಲೆ ಕೇಳುವ ಕಾಲೇಜುಗಳು ಬಹಳ. ಔಷಧಿ ಲೆಕ್ಕದ ಪರೀಕ್ಷೆಗೆ 90, ಕೆಲವು ಕಡೆ 100 ಕೂಡ. ಲೆಕ್ಕ ಹೀಗಿರುತ್ತದೆ: 1000 ಮಿಲಿಲೀಟರ್ ಸಲೈನ್ 8 ಗಂಟೆಯಲ್ಲಿ ಹೋಗಬೇಕು, ಆ ನಳಿಕೆಯಲ್ಲಿ 15 ಹನಿಗೆ ಒಂದು ಮಿಲಿಲೀಟರ್. ನಿಮಿಷಕ್ಕೆ ಎಷ್ಟು ಹನಿ? ಗಂಟೆಗೆ 125 ಮಿಲಿಲೀಟರ್, ಅದನ್ನು 15ರಿಂದ ಗುಣಿಸಿ 60ರಿಂದ ಭಾಗಿಸಿದರೆ 31.25. ಕಾಲು ಹನಿ ಬೀಳಿಸಲಾಗದು, ಉತ್ತರ 31. ಏಳನೇ ಕ್ಲಾಸಿನ ಗಣಿತ, ನಿಜ. ಆದರೆ ಎಲ್ಲಿ ಪೂರ್ಣಾಂಕ ಮಾಡಬೇಕು, ಎಲ್ಲಿ ಮಾಡಬಾರದು ಎಂಬ ಸೂಚನೆ ಓದದೆ ಅಂಕ ಕಳೆದುಕೊಳ್ಳುವವರು ಲೆಕ್ಕ ಬಾರದವರಲ್ಲ, ಬರುವವರೇ.

ನಮ್ಮವರು ನಿಜವಾಗಿ ತಡವರಿಸುವುದು ಪ್ರಶ್ನೆಪತ್ರಿಕೆಯ ರೀತಿಗೆ. ಪಾಠವನ್ನು ಗಿಣಿಯಂತೆ ಒಪ್ಪಿಸಿದರೆ ಅಂಕ ಸಿಗುವುದಿಲ್ಲ. ಒಂದು ಮಾದರಿ ನೋಡಿ. ನಿಮಗೆ ನಾಲ್ವರು ರೋಗಿಗಳು. ನಿನ್ನೆ ಆಪರೇಶನ್ ಆದವರಿಗೆ ಜೋರು ನೋವು. ಸಕ್ಕರೆ ಕಾಯಿಲೆಯವರ ಸಕ್ಕರೆ 180, ಊಟ ಕೇಳುತ್ತಿದ್ದಾರೆ. ಮನೆಗೆ ಹೊರಟವರೊಬ್ಬರು ಅಳುತ್ತಿದ್ದಾರೆ. ಬೆಳಿಗ್ಗೆಯಿಂದ ಗೊರಗೊರ ಉಸಿರಾಡುತ್ತಿದ್ದ ಆಸ್ತಮಾ ರೋಗಿಯ ಸದ್ದು ನಿಂತಿದೆ, ತೂಕಡಿಸುತ್ತಿದ್ದಾರೆ. ಮೊದಲು ಯಾರ ಬಳಿ ಹೋಗುತ್ತೀರಿ?

ನೋವಿನವರ ಬಳಿ ಅನ್ನಿಸುತ್ತದೆ. ಆಸ್ತಮಾದವರು ಪಾಪ, ಈಗಷ್ಟೇ ಆರಾಮಾಗಿ ಮಲಗಿದ್ದಾರೆ ಅನ್ನಿಸುತ್ತದೆ. ಆದರೆ ಸದ್ದು ನಿಂತದ್ದು ಗಾಳಿಯೇ ಒಳಹೋಗದ್ದರಿಂದ ಇರಬಹುದು. ತೂಕಡಿಕೆ ಮಿದುಳಿಗೆ ಆಮ್ಲಜನಕ ಸಾಲದ್ದರ ಗುರುತು. ಅಲ್ಲಿಗೇ ಮೊದಲು ಓಡಬೇಕು. ಇಂಥ ಪ್ರಶ್ನೆಗಳಿಗೆ ಒಬ್ಬರೇ ಕೂತು ಓದುವುದಕ್ಕಿಂತ ಮೂರ್ನಾಲ್ಕು ಜನ ಸೇರಿ 'ಇದು ಯಾಕೆ ಅಲ್ಲ' ಎಂದು ವಾದ ಮಾಡಿದರೆ ಬೇಗ ಹತ್ತುತ್ತದೆ.

ಉಚ್ಚಾರಣೆಗೆ ಹೆದರಬೇಡಿ. ಡಾಕ್ಟರಿಗೆ ಫೋನ್ ಮಾಡುವಾಗ ಎಸ್‌ಬಿಎಆರ್ ಎಂಬ ಕ್ರಮವಿದೆ: ಈಗ ಏನಾಗಿದೆ, ಹಿನ್ನೆಲೆ ಏನು, ನಾನು ಕಂಡದ್ದೇನು, ನಿಮ್ಮಿಂದ ಏನು ಬೇಕು. ಈ ನಾಲ್ಕನ್ನೂ ಚೀಟಿಯಲ್ಲಿ ಬರೆದುಕೊಂಡು ನಿಧಾನವಾಗಿ ಹೇಳಿ.

ಎನ್‌ಕ್ಲೆಕ್ಸ್ ಮತ್ತು ಆಮೇಲೆ

ಕೋರ್ಸ್ ಮುಗಿಯುವ ಹೊತ್ತಿಗೆ ರಾಜ್ಯದ ಬೋರ್ಡ್‌ಗೆ ಅರ್ಜಿ, ಪರೀಕ್ಷೆಗೆ 200 ಡಾಲರ್ ಶುಲ್ಕ. ಬೋರ್ಡಿನ ಶುಲ್ಕ ಬೇರೆ. ಅನುಮತಿ ಪತ್ರ ಬಂದ ಮೇಲೆ ದಿನ ಗೊತ್ತು ಮಾಡಿಕೊಳ್ಳಿ. ಐದು ಗಂಟೆ ಸಮಯ, ಕನಿಷ್ಠ 85, ಗರಿಷ್ಠ 150 ಪ್ರಶ್ನೆ. ನೀವು ಉತ್ತರಿಸಿದಂತೆ ಕಂಪ್ಯೂಟರ್ ಮುಂದಿನ ಪ್ರಶ್ನೆ ಆರಿಸುತ್ತದೆ. 85ಕ್ಕೇ ನಿಂತುಹೋದರೆ ಪಾಸೂ ಆಗಿರಬಹುದು, ಫೇಲೂ ಆಗಿರಬಹುದು, ಎಣಿಸಿ ಹೆದರಬೇಡಿ. 2023ರ ಏಪ್ರಿಲ್‌ನಿಂದ ಒಬ್ಬ ರೋಗಿಯ ಕತೆಯನ್ನೇ ಹಿಡಿದು ಸಾಲಾಗಿ ಕೇಳುವ ಪ್ರಶ್ನೆಗಳು ಸೇರಿವೆ. ಹಳೇ ಗೈಡ್ ಯಾರಾದರೂ ಪುಕ್ಕಟೆ ಕೊಟ್ಟರೆ ಬೇಡ ಅನ್ನಿ. ಫೇಲಾದರೆ 45 ದಿನ ಬಿಟ್ಟು ಮತ್ತೆ ಬರೆಯಬಹುದು. ಕೋರ್ಸ್ ಮುಗಿದ ಒಂದೆರಡು ತಿಂಗಳಲ್ಲೇ ಪರೀಕ್ಷೆ ಬರೆದುಬಿಡುವುದು ಜಾಣತನ.

ಸಂಬಳದ ಬಗ್ಗೆ ಎಲ್ಲರೂ ಕೇಳುತ್ತಾರೆ. ಅಮೆರಿಕ ಸರ್ಕಾರದ ಲೆಕ್ಕದಂತೆ 2023ರ ಮೇ ತಿಂಗಳಲ್ಲಿ ಆರ್‌ಎನ್‌ಗಳ ಮಧ್ಯಮ ವಾರ್ಷಿಕ ಸಂಬಳ 86,070 ಡಾಲರ್. ಇದರಲ್ಲಿ ಅನುಭವಿಗಳೂ ಸೇರಿದ್ದಾರೆ, ಹೊಸಬರಿಗೆ ಇಷ್ಟೇ ಸಿಗಬೇಕೆಂದಿಲ್ಲ. ಮೊದಲ ಕೆಲಸ ಹೆಚ್ಚಾಗಿ ರಾತ್ರಿ ಪಾಳಿ, 12 ಗಂಟೆ, ವಾರಕ್ಕೆ ಮೂರು ದಿನ.

ದೊಡ್ಡ ಆಸ್ಪತ್ರೆಗಳು ಬಿಎಸ್‌ಎನ್ ಇದ್ದವರನ್ನು ಮೊದಲು ಕರೆಯುವುದು ನಿಜ. ನ್ಯೂಯಾರ್ಕ್ ರಾಜ್ಯದಲ್ಲಂತೂ 2017ರ ಕಾನೂನಿನಂತೆ ಹೊಸ ಆರ್‌ಎನ್‌ಗಳು 10 ವರ್ಷದೊಳಗೆ ಬ್ಯಾಚುಲರ್ ಪಡೆಯಬೇಕು. ಕೆಲಸ ಮಾಡುತ್ತಲೇ ಆನ್‌ಲೈನ್‌ನಲ್ಲಿ ಆರ್‌ಎನ್-ಟು-ಬಿಎಸ್‌ಎನ್ ಮುಗಿಸಬಹುದು, ಅದರ ಫೀಸಿನ ಒಂದು ಪಾಲನ್ನು ಹಲವು ಆಸ್ಪತ್ರೆಗಳೇ ಕೊಡುತ್ತವೆ. ಸ್ಟ್ಯಾಟಿಸ್ಟಿಕ್ಸ್ ಅಲ್ಲಿಗೂ ಬೇಕಾಗುವ ವಿಷಯ. ನಿಮ್ಮ ಎಡಿಎನ್ ಕಾಲೇಜು ಕೇಳದಿದ್ದರೂ ಕಮ್ಯುನಿಟಿ ಕಾಲೇಜಿನ ಕಡಿಮೆ ಫೀಸಿನಲ್ಲೇ ಅದನ್ನು ಮುಗಿಸಿಟ್ಟುಕೊಳ್ಳಿ.