ಜಾಮೀನು, ಪ್ರೀತಿ ಮತ್ತು ಪೌಲನ ಒಂದು ಪ್ರಾರ್ಥನೆ

ಬೈಬಲಿನಲ್ಲಿ ಅಪೊಸ್ತಲ ಪೌಲ ಫಿಲಿಪ್ಪಿ ಊರಿನ ಸಭೆಯವರಿಗೆ ಬರೆದ ಪತ್ರಿಕೆಯ ಮೊದಲನೇ ಅಧ್ಯಾಯ, 9 ಮತ್ತು 10ನೇ ವಚನದಲ್ಲಿ ಅವನ ಒಂದು ಪ್ರಾರ್ಥನೆ ಇದೆ. ನಿಮ್ಮ ಪ್ರೀತಿ ಇನ್ನೂ ಹೆಚ್ಚಲಿ ಅಂತ ಅವನು ಕೇಳುತ್ತಾನೆ. ಆದರೆ ಅಲ್ಲಿಗೇ ನಿಲ್ಲಿಸುವುದಿಲ್ಲ. ಆ ಪ್ರೀತಿ ತಿಳಿವಳಿಕೆಯ ಜೊತೆ, ವಿವೇಕದ ಜೊತೆ ಹೆಚ್ಚಲಿ, ಯಾವುದು ಉತ್ತಮ ಅಂತ ಆರಿಸುವ ಶಕ್ತಿ ನಿಮಗೆ ಬರಲಿ ಅನ್ನುತ್ತಾನೆ. ಸೆರೆಯಲ್ಲಿ ಕೂತು ಬರೆದ ಪತ್ರ ಇದು. ತನ್ನ ಬಿಡುಗಡೆಯ ಮಾತು ಎತ್ತುವ ಮುಂಚೆ ಆ ಸಭೆಯವರ ಪ್ರೀತಿ ಹೇಗಿರಬೇಕು ಅಂತ ಪ್ರಾರ್ಥಿಸಿದ್ದಾನೆ.

ನಾನು ಬೀದರಿನವಳು. ಹುಟ್ಟಿದಾಗಿನಿಂದ ಚರ್ಚು, ಸಂಡೇ ಸ್ಕೂಲು, ಮನೆ ಮನೆಯ ಪ್ರಾರ್ಥನೆ ಕೂಟ ಇವುಗಳ ನಡುವೆಯೇ ಬೆಳೆದವಳು. ಪ್ರೀತಿಯ ಬಗ್ಗೆ ಎಷ್ಟೋ ಪ್ರಸಂಗ ಕೇಳಿದ್ದೇನೆ. ವಿವೇಕದ ಬಗ್ಗೆಯೂ ಕೇಳಿದ್ದೇನೆ, ಆದರೆ ಅದು ಬೇರೆ ಭಾನುವಾರದ ಪ್ರಸಂಗ. ಎರಡನ್ನೂ ಒಂದೇ ಉಸಿರಿನಲ್ಲಿ ಬೇಡಿಕೊಳ್ಳಬಹುದು ಅಂತ ನನಗೆ ಮನದಟ್ಟಾದದ್ದು ಈ ಎರಡು ವಚನಗಳನ್ನು ಕೈಯಲ್ಲಿ ಬರೆದುಕೊಂಡು ಓದಲು ಶುರು ಮಾಡಿದ ಮೇಲೆ.

ನಾನು ಓದುವ ರೀತಿ ಸರಳ. ನಲ್ಲಿಗೆ ನೀರು ಬರುವ ಮುಂಚೆ, ಮನೆಯವರೆಲ್ಲ ಇನ್ನೂ ಮಲಗಿರುವಾಗ ಕೂರುತ್ತೇನೆ. ಒಂದು ಚಿಕ್ಕ ಪುಸ್ತಕ ಆರಿಸಿಕೊಂಡು ಮೊದಲು ಅದನ್ನು ಇಡಿಯಾಗಿ ಒಂದೇ ಕೂರಿಕೆಯಲ್ಲಿ ಓದುತ್ತೇನೆ. ಫಿಲಿಪ್ಪಿ ಪತ್ರಿಕೆಯಲ್ಲಿ ಇರುವುದು 4 ಅಧ್ಯಾಯ, 104 ವಚನ. ಒಂದು ಚಹಾ ಕುಡಿದು ಮುಗಿಸುವ ಹೊತ್ತಿಗಿಂತ ಸ್ವಲ್ಪ ಜಾಸ್ತಿ ಬೇಕು, ಅಷ್ಟೇ. ಪೂರ್ತಿ ಓದಿದ ಮೇಲೆ ಒಂದು ತುಂಡು ಹಿಡಿಯುತ್ತೇನೆ. ಆ ವಾರವೆಲ್ಲ ಅದೇ ತುಂಡು. ನೋಟ್‌ಬುಕ್ಕಿನಲ್ಲಿ ವಚನಗಳನ್ನು ನನ್ನ ಕೈಬರಹದಲ್ಲಿ ಇಳಿಸಿಕೊಳ್ಳುತ್ತೇನೆ. ಯಾರು ಯಾರಿಗೆ ಹೇಳುತ್ತಿದ್ದಾರೆ, ಯಾವ ಕಷ್ಟದಲ್ಲಿ ಹೇಳುತ್ತಿದ್ದಾರೆ, ಇದಕ್ಕೆ ಮುಂಚಿನ ಮಾತು ಏನು, ಆಮೇಲಿನದು ಏನು ಅಂತ ಪಕ್ಕದಲ್ಲಿ ಬರೆಯುತ್ತೇನೆ. ಕೊನೆಗೆ ಕೆಳಗಡೆ ಒಬ್ಬರ ಹೆಸರು. ಈ ವಚನವನ್ನು ಇವತ್ತು ಯಾರ ಜೊತೆ ಬದುಕಬೇಕೋ ಅವರ ಹೆಸರು. ಅವರಿಗಾಗಿ ಪ್ರಾರ್ಥನೆ ಮಾಡಿ ಏಳುತ್ತೇನೆ.

ಆ ಹೆಸರು ಬರೆಯುವುದೇ ಕಷ್ಟದ ಕೆಲಸ. ಎಲ್ಲರನ್ನೂ ಪ್ರೀತಿಸಬೇಕು ಅಂತ ಬರೆಯುವುದಕ್ಕೆ ಏನೂ ತೊಂದರೆ ಇಲ್ಲ. ಒಬ್ಬರ ಹೆಸರು ಬರೆದ ಕೂಡಲೇ ಅವರ ಮುಖ ಎದುರಿಗೆ ಬರುತ್ತದೆ, ಅವರು ಹೋದ ತಿಂಗಳು ಆಡಿದ ಮಾತು ನೆನಪಾಗುತ್ತದೆ.

ಮುಂಚಿನ ಮಾತು, ಆಮೇಲಿನ ಮಾತು ನೋಡುವ ಅಭ್ಯಾಸ ಯಾಕೆ ಬೇಕು ಅಂತ ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ಕಡೆ ಹೊಸ ವರ್ಷದ ಆರಾಧನೆಯಲ್ಲಿ ಒಂದೊಂದು ವಚನ ಬರೆದ ವಾಗ್ದಾನದ ಕಾರ್ಡ್ ತೆಗೆಯುವ ರೂಢಿ ಎಷ್ಟೋ ಸಭೆಗಳಲ್ಲಿದೆ. ಯೆರೆಮೀಯ 29:11 ಬಂದರೆ ಎಲ್ಲರಿಗೂ ಖುಷಿ. ನಿಮ್ಮ ಬಗ್ಗೆ ನನಗಿರುವ ಆಲೋಚನೆ ಕೇಡಿನದಲ್ಲ, ಹಿತದ್ದು ಅಂತ ದೇವರು ಹೇಳುವ ಮಾತು ಅದು. ಆ ಮಾತು ನಿಜ, ನನಗೂ ಅದು ತುಂಬಾ ಇಷ್ಟ. ಆದರೆ ಅಧ್ಯಾಯ ಪೂರ್ತಿ ಓದಿ ನೋಡಿ. ಅದು ಬಾಬಿಲೋನಿಗೆ ಸೆರೆ ಹೋದವರಿಗೆ ಪ್ರವಾದಿ ಯೆರೆಮೀಯ ಜೆರುಸಲೇಮಿನಿಂದ ಬರೆದ ಪತ್ರ. ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ಆ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ ಅಂತ ಹೇಳಿ, 10ನೇ ವಚನದಲ್ಲಿ 70 ವರ್ಷದ ಮಾತು ಬರುತ್ತದೆ. ಹಿಂದಿನ ಅಧ್ಯಾಯದಲ್ಲಿ ಹನನ್ಯ ಅನ್ನುವವನು ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಅಂತ ದೇವಾಲಯದಲ್ಲಿ ಸಾರಿದ್ದ. ಜನಕ್ಕೆ ಅವನ ಮಾತು ಹಿತವಾಗಿತ್ತು, ಅಲ್ವಾ? ಅದನ್ನು ಕೇಳಿ ಯೆರೆಮೀಯ ಮೊದಲು ಏನು ಹೇಳಿದ ಗೊತ್ತೇ? ಆಮೆನ್, ಕರ್ತನು ಹಾಗೆಯೇ ಮಾಡಲಿ ಅಂದ. ಜನರ ಬಿಡುಗಡೆ ಅವನಿಗೂ ಬೇಕಿತ್ತು. ಆದರೂ ಸುಳ್ಳು ಸಮಾಧಾನಕ್ಕೆ ಅವನು ಒಪ್ಪಲಿಲ್ಲ. ಕಾಯಿಲೆಯವರ ಮನೆಗೆ ಪ್ರಾರ್ಥನೆಗೆ ಹೋದಾಗ ನನಗೆ ಈ ಅಧ್ಯಾಯ ಜಾಸ್ತಿ ನೆನಪಾಗುತ್ತದೆ. ಬೇಗ ಗುಣವಾಗುತ್ತದೆ, ದೇವರು ಹೇಳಿದ್ದಾನೆ ಅಂತ ಬಾಯಿಗೆ ಬಂದದ್ದು ಹೇಳಿ ಬರುವ ಬದಲು ಪಕ್ಕದಲ್ಲಿ ಕೂತು, ಗುಣವಾಗಲಿ ಅಂತ ಕೇಳಿಕೊಂಡು, ಮನೆಗೆ ನೀರು, ಅಡುಗೆ ಏನಾದರೂ ಬೇಕಾ ಅಂತ ನೋಡುತ್ತೇನೆ.

ಇನ್ನು ಎರಡನೇ ಸಮುವೇಲದ ಕಥೆ. ಅದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು, ಯಾಕೆಂದರೆ ನನ್ನ ಕಿವಿಗೆ ಕಡಿವಾಣ ಹಾಕಿದ್ದು ಅದೇ.

ಸೌಲ ರಾಜನ ಮಗ ಯೋನಾತಾನ, ದಾವೀದನ ಜೀವದ ಗೆಳೆಯ. ಅವನ ಮಗ ಮೆಫೀಬೋಶೆತ. ಐದು ವರ್ಷದವನಿದ್ದಾಗ ದಾದಿ ಎತ್ತಿಕೊಂಡು ಓಡುವಾಗ ಬಿದ್ದು ಎರಡೂ ಕಾಲು ಕುಂಟಾದವನು. ದಾವೀದ ರಾಜನಾದ ಮೇಲೆ ಅವನನ್ನು ಹುಡುಕಿಸಿ ಕರೆಸಿ, ಸೌಲನ ಹೊಲವನ್ನೆಲ್ಲ ಅವನಿಗೆ ಕೊಟ್ಟು, ತನ್ನ ಪಂಕ್ತಿಯಲ್ಲಿ ಊಟಕ್ಕೆ ಕೂರಿಸಿಕೊಂಡ. ಹೊಲ ನೋಡಿಕೊಳ್ಳುವುದಕ್ಕೆ ಚೀಬ ಅನ್ನುವ ಸೇವಕ ಇದ್ದ. ಮುಂದೆ ಸ್ವಂತ ಮಗ ಅಬ್ಷಾಲೋಮನೇ ದಂಗೆ ಎದ್ದಾಗ ದಾವೀದ ಊರು ಬಿಟ್ಟು ಓಡಬೇಕಾಯಿತು. ದಾರಿಯಲ್ಲಿ ಚೀಬ ಎದುರಿಗೆ ಬಂದ. ಎರಡು ಕತ್ತೆಗಳ ಮೇಲೆ 200 ರೊಟ್ಟಿ, ಒಣದ್ರಾಕ್ಷಿ, ಹಣ್ಣು, ದ್ರಾಕ್ಷಾರಸ. ಹಸಿದ ಜನಕ್ಕೆ ಹಸಿದ ಹೊತ್ತಿಗೆ ತಂದ. ನಿನ್ನ ಯಜಮಾನ ಎಲ್ಲಿ ಅಂತ ದಾವೀದ ಕೇಳಿದರೆ, ತನ್ನ ತಾತನ ರಾಜ್ಯ ತನಗೇ ಬರುತ್ತದೆ ಅಂತ ಅಲ್ಲೇ ಕೂತಿದ್ದಾನೆ ಅಂದುಬಿಟ್ಟ. ದಾವೀದ ನಿಂತ ಜಾಗದಲ್ಲೇ ತೀರ್ಪು ಕೊಟ್ಟ: ಅವನದೆಲ್ಲ ನಿನ್ನದೇ.

ಮೂರು ಅಧ್ಯಾಯ ದಾಟಿ 19ಕ್ಕೆ ಬನ್ನಿ. ರಾಜ ತಿರುಗಿ ಬರುವಾಗ ಮೆಫೀಬೋಶೆತ ಎದುರುಗೊಳ್ಳಲು ಬರುತ್ತಾನೆ. ರಾಜ ಹೋದ ದಿನದಿಂದ ಕಾಲಿನ ಆರೈಕೆ ಮಾಡಿಕೊಂಡಿಲ್ಲ, ಮೀಸೆ ಕತ್ತರಿಸಿಲ್ಲ, ಬಟ್ಟೆ ಒಗೆಸಿಲ್ಲ. ಕತ್ತೆಗೆ ತಡಿ ಹಾಕಿಸಿಕೊಂಡು ಬರಬೇಕು ಅಂತಿದ್ದೆ, ನನ್ನ ಸೇವಕ ಮೋಸ ಮಾಡಿದ ಅನ್ನುತ್ತಾನೆ. ಹೊಲ ಇಬ್ಬರೂ ಹಂಚಿಕೊಳ್ಳಿ ಅಂತ ದಾವೀದ ಮಾತು ಮುಗಿಸುತ್ತಾನೆ. ಇವನೋ, ನೀನು ಸುಖವಾಗಿ ಬಂದೆಯಲ್ಲ, ಎಲ್ಲ ಅವನೇ ತಗೊಳ್ಳಲಿ ಅನ್ನುತ್ತಾನೆ.

ಈ ಭಾಗ ಬರೆದುಕೊಂಡ ದಿನ ಪಕ್ಕದಲ್ಲಿ ಜ್ಞಾನೋಕ್ತಿ 18:17 ಬರೆದೆ. ಮೊದಲು ಬಂದು ವಾದ ಹೇಳಿದವನು ನ್ಯಾಯವಂತನ ಹಾಗೆ ಕಾಣುತ್ತಾನೆ, ಎದುರಾಳಿ ಬಂದು ಪರೀಕ್ಷಿಸುವ ತನಕ ಅನ್ನುವ ಅರ್ಥದ ವಚನ. ದಾವೀದ ಪ್ರೀತಿ ಇಲ್ಲದವನಲ್ಲ. ದಣಿದಿದ್ದ, ಹಸಿದಿದ್ದ, ಮನಸ್ಸು ಮುರಿದಿತ್ತು. ಆ ಹೊತ್ತಿನಲ್ಲಿ ರೊಟ್ಟಿ ತಂದವನ ಮಾತು ಸತ್ಯ ಅನ್ನಿಸುವುದು ಸಹಜ. ನಮಗೆ ಉಪಕಾರ ಮಾಡಿದವರು ಹೇಳಿದ ದೂರನ್ನು ನಾವು ಎಷ್ಟು ಬೇಗ ನಂಬುತ್ತೇವೆ!

ಅದಾದ ಮೇಲೆ ನಮ್ಮ ಹೆಣ್ಣುಮಕ್ಕಳ ಸಂಘದಲ್ಲಿ ಒಂದು ಮಾತು ಎದ್ದಿತು. ಒಬ್ಬ ಹಿರಿಯ ಅಕ್ಕ ಸಂಘದ ಸಾಲ ಕಟ್ಟುತ್ತಿಲ್ಲ, ಮೇಲಿಂದ ಸಂಘದ ಬಗ್ಗೆ ಹೊರಗೆ ಕೆಟ್ಟದಾಗಿ ಆಡುತ್ತಾಳೆ ಅಂತ. ಹೇಳಿದವಳು ನನ್ನ ಹೆರಿಗೆಯ ಹೊತ್ತಿನಲ್ಲಿ ಮನೆಗೆ ರೊಟ್ಟಿ ಮಾಡಿ ಕಳಿಸಿದವಳು. ಪೂರ್ತಿ ಕೇಳಿದೆ. "ಆ ಅಕ್ಕಾಗ ಕೇಳೀರೇನು?" ಅಂದೆ. ಯಾರೂ ಕೇಳಿರಲಿಲ್ಲ. ಸಂಜೆ ಆಕೆಯ ಮನೆಗೆ ಹೋದೆ. ದೂರು ಪೂರ್ತಿ ಸುಳ್ಳಾಗಿರಲಿಲ್ಲ. ಕಂತು ಬಾಕಿ ಇದ್ದದ್ದು ನಿಜ, ಸೋಯಾಬೀನ್ ಬೆಳೆ ಮಳೆಗೆ ಕೆಟ್ಟು ಮಗನ ಕೈಯಲ್ಲಿ ಏನೂ ಉಳಿದಿರಲಿಲ್ಲ. ಕೆಟ್ಟದಾಗಿ ಆಡಿದ್ದು ಆಕೆಯಲ್ಲ, ಆಕೆಯ ಮನೆ ಮುಂದೆ ಕೂತು ಬೇರೆಯವರು ಆಡಿದ್ದು. ಎರಡನ್ನೂ ಸಂಘದಲ್ಲಿ ಹಾಗೆ ಹಾಗೆಯೇ ಹೇಳಿದೆ. ಕಂತಿಗೆ ಗಡುವು ಸಿಕ್ಕಿತು. ಆಕೆ ಈಗಲೂ ಬರುತ್ತಾಳೆ.

ಎಲ್ಲಕ್ಕಿಂತ ಕಠಿಣ ಪಾಠ ಬಂದದ್ದು ಮನೆಯೊಳಗೇ. ನಮ್ಮ ಚಿಕ್ಕಮ್ಮನ ಮಗ ಭಾಲ್ಕಿ ಕಡೆಯ ಹಳ್ಳಿಯವನು, ನನಗೆ ಸ್ವಂತ ತಮ್ಮನ ಹಾಗೆ. ಒಂದು ದಿನ ಬಂದು ಹೊಸ ಸಾಲಕ್ಕೆ ಜಾಮೀನು ಹಾಕು ಅಂದ. "ಅಕ್ಕಾ, ನೀ ಬರೇ ಸಹಿ ಮಾಡು ಸಾಕು, ರೊಕ್ಕ ನಾನೇ ಕಟ್ತೀನಿ." ಅವನ ಹೆಂಡತಿ ಬಾಗಿಲ ಹತ್ತಿರ ನಿಂತಿದ್ದಳು, ಏನೂ ಮಾತಾಡಲಿಲ್ಲ. ಎರಡು ದಿನ ಟೈಮ್ ಕೊಡು ಅಂದೆ.

ಆ ಎರಡು ದಿನ ನೋಟ್‌ಬುಕ್ಕಿನ ಒಂದು ಪುಟದ ನಡುವೆ ಗೆರೆ ಎಳೆದು ಕೂತೆ. ಎಡಕ್ಕೆ ಜ್ಞಾನೋಕ್ತಿ 6ನೇ ಅಧ್ಯಾಯದ ಆರಂಭ: ನೆರೆಯವನಿಗೆ ಹೊಣೆಯಾಗಿದ್ದರೆ ಬೇಟೆಗಾರನ ಕೈಯಿಂದ ಜಿಂಕೆ ತಪ್ಪಿಸಿಕೊಳ್ಳುವ ಹಾಗೆ ತಪ್ಪಿಸಿಕೋ ಅನ್ನುತ್ತದೆ. 22ನೇ ಅಧ್ಯಾಯದ 26, 27ನೇ ವಚನ: ತೀರಿಸಲು ಇಲ್ಲದಿದ್ದರೆ ನಿನ್ನ ಕೆಳಗಿನ ಹಾಸಿಗೆಯನ್ನೂ ಎತ್ತಿಕೊಂಡು ಹೋಗುತ್ತಾರೆ. ಇಷ್ಟೇ ಇದ್ದಿದ್ದರೆ ಉತ್ತರ ಸುಲಭ ಇತ್ತು. ಆದರೆ ಬಲಕ್ಕೆ ಆದಿಕಾಂಡ 43: ತಮ್ಮ ಬೆನ್ಯಾಮೀನನಿಗೆ ನಾನೇ ಹೊಣೆ, ನನ್ನ ಕೈಯಿಂದಲೇ ಕೇಳು ಅಂತ ಯೂದ ತಂದೆಗೆ ಹೇಳುತ್ತಾನೆ. ಫಿಲೆಮೋನನಿಗೆ ಬರೆದ ಪತ್ರಿಕೆಯಲ್ಲಿ ಪೌಲ, ನಿನ್ನ ದಾಸ ಒನೇಸಿಮ ನಿನಗೆ ಏನಾದರೂ ಕೊಡಬೇಕಾಗಿದ್ದರೆ ನನ್ನ ಲೆಕ್ಕಕ್ಕೆ ಹಾಕು, ನಾನೇ ತೀರಿಸುತ್ತೇನೆ ಅಂತ ತನ್ನ ಕೈಯಾರೆ ಬರೆಯುತ್ತಾನೆ.

ಒಂದು ಕಡೆಯ ವಚನ ಮಾತ್ರ ಹಿಡಿದಿದ್ದರೆ ನನಗೆ ಬೇಕಾದ ಉತ್ತರ ಸಿಗುತ್ತಿತ್ತು, ಅದಕ್ಕೆ ದೇವರ ಹೆಸರೂ ಅಂಟಿಸಬಹುದಿತ್ತು. ಎರಡನ್ನೂ ಎದುರಿಗೆ ಇಟ್ಟುಕೊಂಡಾಗ ಪ್ರಶ್ನೆಯೇ ಬದಲಾಯಿತು. ಯೂದನಿಗೆ, ಪೌಲನಿಗೆ ತಾವು ಏನು ಹೊರುತ್ತಿದ್ದೇವೆ ಅಂತ ಪೂರ್ತಿ ಗೊತ್ತಿತ್ತು. ಒನೇಸಿಮನನ್ನು ಪೌಲ ಹತ್ತಿರದಿಂದ ನೋಡಿದ್ದ, ಅವನ ಜೀವನ ಬದಲಾಗಿದ್ದನ್ನು ಕಂಡಿದ್ದ. ನನಗೆ ತಮ್ಮನ ಸಾಲದ ಲೆಕ್ಕವೇ ಗೊತ್ತಿರಲಿಲ್ಲ.

ಮನೆಯವರೂ ನಾನೂ ಪ್ರಾರ್ಥನೆ ಮಾಡಿ ಅವನನ್ನು ಮತ್ತೆ ಕರೆಸಿದೆವು. ಇರುವ ಕಾಗದವೆಲ್ಲ ತಗೊಂಡು ಬಾ ಅಂದಿದ್ದೆ. ಮಂಚದ ಮೇಲೆ ಕೂತು ಪ್ಲಾಸ್ಟಿಕ್ ಕವರಿನಿಂದ ಒಂದೊಂದಾಗಿ ತೆಗೆದ. ಕಂತಿನ ಕಾರ್ಡುಗಳು, ಆಧಾರ್ ಜೆರಾಕ್ಸು, ಬಂಗಾರ ಅಡವಿಟ್ಟ ಚೀಟಿ. ನಮ್ಮ ಮನೆಯವರು ಹಳೆ ಕ್ಯಾಲೆಂಡರಿನ ಹಿಂದೆ ಕೂಡಿಸುತ್ತಾ ಹೋದರು. ಹೊಸ ಸಾಲ ಬೇಕಾಗಿದ್ದು ಹಳೆ ಸಾಲದ ಕಂತು ಕಟ್ಟಲಿಕ್ಕೆ. ಅವನ ಹೆಂಡತಿ ಆಗ ಮೊದಲ ಸಲ ಬಾಯಿ ಬಿಟ್ಟಳು. "ನಾ ಇದೇ ಹೇಳ್ತಿದ್ದೆ ವೈನಿ, ಯಾರೂ ಕೇಳಲಿಲ್ಲ" ಅಂದಳು.

ಸಹಿ ಹಾಕುವುದಿಲ್ಲ ಅಂತ ಅವನ ಮುಖ ನೋಡಿಯೇ ಹೇಳಿದೆ. ಆ ಮಾತು ಹೇಳುವಾಗ ನನ್ನ ಗಂಟಲು ಕಟ್ಟಿತ್ತು. ಜೊತೆಗೇ ನಾವು ಏನು ಮಾಡುತ್ತೇವೆ ಅಂತಲೂ ಹೇಳಿದೆವು. ಆ ವರ್ಷದ ಇಬ್ಬರು ಮಕ್ಕಳ ಶಾಲೆ ಫೀಸು ನಾವೇ ನೇರವಾಗಿ ಕಟ್ಟುತ್ತೇವೆ, ಅದು ಸಾಲ ಅಲ್ಲ, ತಿರುಗಿ ಕೇಳುವುದಿಲ್ಲ. ಕಂತಿನ ಗಡುವಿನ ಬಗ್ಗೆ ಮಾತಾಡಲು ಮನೆಯವರು ಅವನ ಜೊತೆ ಬರುತ್ತಾರೆ. ಈ ಯೋಚನೆ ನನಗೆ ಬಂದದ್ದು ಲೂಕ 10ರಲ್ಲಿ ಯೇಸು ಹೇಳಿದ ಕಥೆಯ ಸಮಾರ್ಯದವನಿಂದ. ಅವನು ಗಾಯಗೊಂಡವನಿಗೆ ಎಣ್ಣೆ ದ್ರಾಕ್ಷಾರಸ ಹಾಕಿ ಕಟ್ಟಿ, ತನ್ನ ಪಶುವಿನ ಮೇಲೆ ಕೂರಿಸಿ ಛತ್ರಕ್ಕೆ ತಂದ. ಛತ್ರದವನ ಕೈಗೆ ಎರಡು ನಾಣ್ಯ ಕೊಟ್ಟು ನೋಡಿಕೋ, ಜಾಸ್ತಿ ಖರ್ಚಾದರೆ ತಿರುಗಿ ಬರುವಾಗ ಕೊಡುತ್ತೇನೆ ಅಂದ. ಕೈಲಾದದ್ದನ್ನು ಪೂರ್ತಿ ಮಾಡಿದ, ಯಾರ ಕೈಗೆ ಕೊಡಬೇಕೋ ಅವರ ಕೈಗೆ ಕೊಟ್ಟ, ತನ್ನ ಪ್ರಯಾಣವನ್ನೂ ಮುಂದುವರಿಸಿದ, ತಿರುಗಿ ಬರುತ್ತೇನೆ ಅಂತ ಮಾತೂ ಕೊಟ್ಟ.

ತಮ್ಮ ಸಿಟ್ಟಾದ. ಆ ಸಲದ ಕ್ರಿಸ್‌ಮಸ್ಸಿಗೆ ನಮ್ಮ ಮನೆಗೆ ಬರಲಿಲ್ಲ. ಊರಿನಲ್ಲಿ ಅಕ್ಕ ಕೈ ಬಿಟ್ಟಳು ಅಂತ ಹೇಳಿಕೊಂಡ. ಕೇಳಿದಾಗ ಎದೆಗೆ ಚುಚ್ಚಿತು. ನೋಟ್‌ಬುಕ್ಕಿನ ಕೆಳಗೆ ದಿನಾ ಅವನದೇ ಹೆಸರು ಬರೆದೆ. ಒಂದು ಕೊರಿಂಥ 13 ಅವನಿಗಾಗಿಯೇ ಓದಿದೆ. ಪ್ರೀತಿ ಅಪಕಾರದ ಲೆಕ್ಕ ಇಡುವುದಿಲ್ಲ, ಸತ್ಯದಲ್ಲಿ ಸಂತೋಷಪಡುತ್ತದೆ ಅನ್ನುವುದು ಅಲ್ಲಿ ಅಕ್ಕಪಕ್ಕದ ವಚನಗಳಲ್ಲೇ ಇದೆ. ಫೀಸು ಮಾತು ಕೊಟ್ಟ ಹಾಗೆ ಕಟ್ಟಿದೆವು. ಈಗ ಅವನ ಹೆಂಡತಿ ಫೋನ್ ಮಾಡುತ್ತಾಳೆ, ಮಕ್ಕಳು ರಜೆಗೆ ಬರುತ್ತಾರೆ. ತಮ್ಮ ಬಾಗಿಲ ತನಕ ಬಿಟ್ಟು ಹೋಗುತ್ತಾನೆ, ಒಳಗೆ ಬಂದು ಚಹಾ ಕುಡಿಯುವುದು ಒಮ್ಮೊಮ್ಮೆ. ಅವನಿಗಾಗಿ ಕಾಯುತ್ತಿದ್ದೇನೆ.

ಇಂಥ ವಿಷಯಗಳನ್ನು ಒಬ್ಬಳೇ ಓದಿ ಒಬ್ಬಳೇ ನಿರ್ಧರಿಸುವುದು ಸರಿಯಲ್ಲ ಅಂತಲೂ ನಾನು ಹೇಳುತ್ತೇನೆ. ಬೆರೋಯ ಅನ್ನುವ ಊರಿನವರು ಪೌಲನ ಮಾತು ಹೌದೋ ಅಲ್ಲವೋ ಅಂತ ದಿನಾಲು ಶಾಸ್ತ್ರ ನೋಡಿದರು ಅಂತ ಅಪೊಸ್ತಲರ ಕೃತ್ಯ 17ರಲ್ಲಿದೆ. ಅಲ್ಲಿ ನೋಡಿದವನು ಒಬ್ಬನಲ್ಲ, ಅವರೆಲ್ಲ. ನನ್ನ ಓದು ನನ್ನ ಆಸೆಯ ಕಡೆ ವಾಲುತ್ತಿದೆಯಾ ಅಂತ ಹೇಳುವವರು ಬೇಕು. ನನಗೆ ಮನೆಯವರಿದ್ದಾರೆ, ನಮ್ಮ ಓಣಿಯ ಒಬ್ಬ ಆಯಿ ಇದ್ದಾಳೆ. ಆಯಿಗೆ ಓದಲು ಬರುವುದಿಲ್ಲ, ಆದರೆ ವಚನ ಓದಿ ಹೇಳಿದರೆ ನಡುವಿನಲ್ಲೇ ತಡೆದು, "ಅದರ ಮುಂದಿಂದು ಓದು" ಅನ್ನುತ್ತಾಳೆ.

ಈಗ ಗುರುವಾರ ಮಧ್ಯಾಹ್ನ ನಾಲ್ಕೈದು ಜನ ಹೆಣ್ಣುಮಕ್ಕಳು ಆಯಿಯ ಮನೆಯಲ್ಲಿ ಕೂಡುತ್ತೇವೆ. ಫಿಲಿಪ್ಪಿ ಪತ್ರಿಕೆ 4ನೇ ಅಧ್ಯಾಯಕ್ಕೆ ಬಂದಿದೆ. ಯುವೊದ್ಯ, ಸಂತುಕೆ ಅನ್ನುವ ಇಬ್ಬರು ಹೆಂಗಸರು ಒಂದೇ ಮನಸ್ಸಿನಿಂದ ಇರಲಿ ಅಂತ ಪೌಲ ಬೇಡಿಕೊಳ್ಳುತ್ತಾನೆ, ಅವರಿಗೆ ಸಹಾಯ ಮಾಡು ಅಂತ ಇನ್ನೊಬ್ಬರಿಗೂ ಹೇಳುತ್ತಾನೆ. ಜಗಳ ಯಾತಕ್ಕೆ, ತಪ್ಪು ಯಾರದು ಅಂತ ಒಂದು ಮಾತೂ ಬರೆದಿಲ್ಲ. "ಯಾರ ತಪ್ಪಂತ ಗೊತ್ತಿಲ್ಲದೇ ಸಹಾಯ ಹ್ಯಾಂಗ ಮಾಡೋದಕ್ಕಾ?" ಅಂತ ಒಬ್ಬ ಹುಡುಗಿ ಕೇಳಿದಳು. ಮೊದಲು ಇಬ್ಬರ ಮನೆಗೂ ಹೋಗಬೇಕು ಅಂದಳು ಆಯಿ. ಮುಂದಿನ ವಾರವೂ ಅದೇ ಎರಡು ವಚನ ಓದುತ್ತೇವೆ.